ಮನೆಮಾತಿಗೊಂದು ವಿಶ್ವಕೋಶ: ತುಳು ಎಂಟು ವರ್ಷ ಕಾದ ಬಗೆ

ಭಾಷಾ ಅಲ್ಪಸಂಖ್ಯಾತರಾದ ನಮಗೆ ತಲೆಲೆಕ್ಕ ಹೊಸದಲ್ಲ. ಒಂದು ತರಗತಿಯಲ್ಲಿ 10 ಮಕ್ಕಳು, ಇಲ್ಲವೇ ಇಡೀ ಶಾಲೆಯಲ್ಲಿ 40 ಮಕ್ಕಳು ಇದ್ದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಪಾಠ ಹೇಳಬೇಕೆಂದು 1949ರಷ್ಟು ಹಿಂದೆಯೇ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿತ್ತು. ಸ್ಥಳೀಯ ಜನಸಂಖ್ಯೆಯಲ್ಲಿ ಶೇಕಡಾ 15 ಮಂದಿಯಾದರೂ ಇದ್ದರೆ ಸರಕಾರದ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿ ಬರಬೇಕೆಂಬುದು ಇನ್ನೊಂದು ಲೆಕ್ಕ. ಈ ಲೆಕ್ಕಗಳನ್ನು ನೋಡಿಕೊಳ್ಳುವುದಕ್ಕೆಂದೇ ಸಂವಿಧಾನದ 350ಬಿ ವಿಧಿಯ ಪ್ರಕಾರ 1957ರಲ್ಲಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಹುದ್ದೆಯೂ ಬಂತು. ಕಾಸರಗೋಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಕ್ಕಳ ಸಂಖ್ಯೆ ಎಣಿಸುವ ಜೂನ್ ತಿಂಗಳ ಆತಂಕ ಇಲ್ಲಿನ ಪ್ರತಿಯೊಂದು ಕನ್ನಡ ಶಾಲೆಗೂ ಗೊತ್ತು.

ಈ ಲೇಖಕ ಹುಟ್ಟಿದ ಊರು ಗೆಟ್ಟವಾಡಿ. ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯ ಒಂದು ಹಳ್ಳಿ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವ ಸೀಮೆ ಎಂದರೆ ಬೇಗ ತಿಳಿದೀತು. ಸತ್ಯಮಂಗಲದಿಂದ ಬರುವವರು ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಬರಬೇಕು; ಚಾಮರಾಜನಗರದಿಂದಾದರೆ ಬಯಲಲ್ಲೇ ಬರಬಹುದು. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಎರಡೂ ಕಡೆಯವರಿಗೆ ದುಃಖದ ತಾರೀಕು ಒಂದೇ ಆದ್ದರಿಂದ, ಇಲ್ಲಿನ ಓದುಗರಿಗೆ ಬೆಟ್ಟದ ಮೇಲಿನವನೊಬ್ಬ ಬರೆಯುವುದು ಅನುಚಿತವಾಗಲಾರದು.

ವಿಷಯಕ್ಕೆ ಬರುತ್ತೇನೆ. ಒಂದು ಭಾಷೆಗೆ ಮಾನ್ಯತೆ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವ ಇನ್ನೊಂದು ಬಗೆಯ ಕಚೇರಿ ಈ ಶತಮಾನದಲ್ಲಿ ಹುಟ್ಟಿಕೊಂಡಿದೆ. ಅದಕ್ಕೆ ಕಟ್ಟಡವಿಲ್ಲ, ಸಿಬ್ಬಂದಿಯಿಲ್ಲ, ಸದಸ್ಯರಿಗೆ ಸಂಬಳವಿಲ್ಲ. ಅಂತರ್ಜಾಲದ ವಿಶ್ವಕೋಶವಾದ ವಿಕಿಪೀಡಿಯದ ಹೊಸ ಭಾಷಾ ಆವೃತ್ತಿಗಳಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಭಾಷಾ ಸಮಿತಿ ಅದು. ತುಳುವಿಗೆ ಸ್ವಂತ ವಿಶ್ವಕೋಶ ದೊರೆತದ್ದು ಈ ಸಮಿತಿಯ ಮೂಲಕ. ಆ ದಾರಿ ಹೇಗಿತ್ತು ಎಂಬುದು ಗಡಿನಾಡಿನ ಮನೆಗಳಲ್ಲಿ ತಿಳಿದಿರಬೇಕಾದ ಸಂಗತಿ. ಏಕೆಂದರೆ ಇಲ್ಲಿ ಶಾಲೆಯ ಭಾಷೆ ಕನ್ನಡವಾದರೂ ಮನೆಮಾತು ತುಳುವೋ ಕೊಂಕಣಿಯೋ ಹವ್ಯಕವೋ ಆಗಿರುವುದು ಸಾಮಾನ್ಯ.

ವಿಕಿಪೀಡಿಯ 2001ರ ಜನವರಿಯಲ್ಲಿ ಇಂಗ್ಲಿಷಿನಲ್ಲಿ ಆರಂಭವಾಯಿತು. ಮಲಯಾಳಂ ಆವೃತ್ತಿ 2002ರ ಡಿಸೆಂಬರಿನಲ್ಲಿ, ಕನ್ನಡದ್ದು 2003ರಲ್ಲಿ ಬಂದವು. ಆ ದಿನಗಳಲ್ಲಿ ಪದ್ಧತಿ ಸಡಿಲವಾಗಿತ್ತು. ಕೇಳಿದವರಿಗೆಲ್ಲ ಬಾಗಿಲು ತೆರೆಯುತ್ತಿತ್ತು ಎಂದರೂ ನಡೆದೀತು. ಪರಿಣಾಮವಾಗಿ ಎಷ್ಟೋ ಆವೃತ್ತಿಗಳು ಹೆಸರಿಗೆ ಮಾತ್ರ ಉಳಿದವು. ಬರೆಯುವವರಿಲ್ಲ, ಯಾರಾದರೂ ಕಿಡಿಗೇಡಿಗಳು ಬಂದು ಗೀಚಿದರೆ ಅಳಿಸುವವರೂ ಇಲ್ಲ. ನಮ್ಮ ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಖಾತೆ ತೆರೆಯುವ ದಿನ ಬಂದು ಸಹಿ ಹಾಕಿದವನು ಮತ್ತೆ ಕೌಂಟರಿನ ಕಡೆ ಸುಳಿಯಲಿಲ್ಲ. ಎರಡು ವರ್ಷ ವಹಿವಾಟಿಲ್ಲದ ಖಾತೆಯನ್ನು ನಾವು ನಿಷ್ಕ್ರಿಯ ಖಾತೆಗಳ ಪಟ್ಟಿಗೆ ಹಾಕುತ್ತೇವೆ. ಅಲ್ಲಿ ಅಂಥ ಪಟ್ಟಿಯೂ ಇರಲಿಲ್ಲ.

ಮತ ಹಾಕಿ ತೀರ್ಮಾನಿಸುವ ಕ್ರಮವೂ ಸ್ವಲ್ಪ ಕಾಲ ನಡೆಯಿತು. ಅದರ ಫಲ 2006ರಲ್ಲಿ ಕಂಡಿತು. ಕೆಲವೇ ಮಂದಿ ಸೇರಿ ರೂಪಿಸಿದ 'ಸೈಬೀರಿಯನ್' ಎಂಬ ಭಾಷೆಗೆ ಮತಬಲದಿಂದ ಒಂದು ಆವೃತ್ತಿ ದೊರೆಯಿತು. ಅದನ್ನು ಮನೆಯಲ್ಲಿ ಮಾತಾಡುವ ಸಮುದಾಯವೇ ಇಲ್ಲವೆಂಬ ಆಕ್ಷೇಪ ಬಲವಾಗಿ, 2007ರಲ್ಲಿ ಅದನ್ನು ಮುಚ್ಚಬೇಕಾಯಿತು. ಕೈಯೆತ್ತಿದವರ ಸಂಖ್ಯೆಯಿಂದ ಭಾಷೆಯನ್ನು ಅಳೆಯಬಾರದು ಎಂಬ ಪಾಠ ಅಲ್ಲಿಗೆ ಗಟ್ಟಿಯಾಯಿತು. ಭಾಷಾ ಸಮಿತಿ ರೂಪುಗೊಂಡದ್ದೂ 2006ರಲ್ಲಿ. ಹೊಸ ಭಾಷೆಗಳು ಪ್ರಯೋಗ ನಡೆಸುವುದಕ್ಕೆ ಇನ್‌ಕ್ಯುಬೇಟರ್ ಎಂಬ ತಾಣ ತೆರೆದದ್ದೂ ಅದೇ ವರ್ಷ. ಇನ್‌ಕ್ಯುಬೇಟರ್ ಎಂದರೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ. ರೈತರ ಮಕ್ಕಳಾದ ನಮಗೆ ಸಸಿಮಡಿ ಎಂದರೆ ಹೆಚ್ಚು ಹತ್ತಿರ. ಬಿತ್ತಿದ್ದು ಅಲ್ಲಿ ಬೇರು ಬಿಟ್ಟರೆ ಕಿತ್ತು ಗದ್ದೆಗೆ ನೆಡುವುದು, ಇಲ್ಲವಾದರೆ ಅಲ್ಲೇ ಬಿಡುವುದು.

ಸಮಿತಿಯ ಪರೀಕ್ಷೆ ಎರಡು ಹಂತಗಳದ್ದು. ಮೊದಲನೆಯದು ಅರ್ಹತೆ. ಭಾಷೆಗೆ ಐಎಸ್‌ಒ 639 ಎಂಬ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅಕ್ಷರಸಂಕೇತ ಇರಬೇಕು. ಅದು ಈಗಾಗಲೇ ಆವೃತ್ತಿಯಿರುವ ಭಾಷೆಯ ಪ್ರಾದೇಶಿಕ ರೂಪ ಮಾತ್ರವಾಗಿರಬಾರದು. ಓದಿ ಬರೆಯುವಷ್ಟು ಮಂದಿ ಅದನ್ನಾಡುವವರಿರಬೇಕು. ಅರ್ಜಿಯ ಪುಟದಲ್ಲಿ ಯಾರು ಬೇಕಾದರೂ ಪರ ವಿರೋಧ ಬರೆಯಬಹುದು, ಆದರೆ ಅವನ್ನು ಮತವೆಂದು ಎಣಿಸುವುದಿಲ್ಲ. ವಾದದಲ್ಲಿ ಹುರುಳಿದೆಯೇ ಎಂದಷ್ಟೇ ನೋಡುತ್ತಾರೆ.

ಎರಡನೆಯ ಹಂತವೇ ಕಠಿಣ. ಸಸಿಮಡಿಯಲ್ಲಿ ತಿಂಗಳು ತಿಂಗಳೂ ನಿಜವಾದ ಕೆಲಸ ನಡೆಯುತ್ತಿರಬೇಕು. ಕನಿಷ್ಠ ಮೂವರು, ತಿಂಗಳಿಗೆ ತಲಾ ಹತ್ತು ಸಂಪಾದನೆಗಳಿಗೆ ಕಡಿಮೆಯಿಲ್ಲದಂತೆ, ಹಲವು ತಿಂಗಳು ಎಡೆಬಿಡದೆ ದುಡಿದಿರಬೇಕೆಂಬುದು ಅಲ್ಲಿನ ವಾಡಿಕೆಯ ಅಳತೆ. ಇದರ ಜತೆಗೆ 'ಪುಟ', 'ಹುಡುಕು', 'ಉಳಿಸು', 'ಇತಿಹಾಸ' ಮುಂತಾಗಿ ಪರದೆಯ ಮೇಲೆ ಕಾಣುವ ಸೂಚನೆಗಳನ್ನೆಲ್ಲ ಆ ಭಾಷೆಗೆ ತರಬೇಕು. ಇದಕ್ಕೆ ಬೇರೆಯೇ ತಾಣವಿದೆ. ಕೊನೆಗೆ, ಅಲ್ಲಿ ಬರೆದಿರುವುದು ನಿಜವಾಗಿಯೂ ಆ ಭಾಷೆಯೇ ಎಂದು ಹೇಳಬಲ್ಲ, ಹೊರಗಿನ ಒಬ್ಬ ತಜ್ಞನ ಅಭಿಪ್ರಾಯ ಪಡೆಯುತ್ತಾರೆ. ಯಾವ ಸದಸ್ಯನೂ ಗಟ್ಟಿಯಾದ ಆಕ್ಷೇಪ ಎತ್ತದಿದ್ದರೆ ವಿಕಿಮೀಡಿಯ ಪ್ರತಿಷ್ಠಾನದ ಮಂಡಳಿಗೆ ತಿಳಿಸಿ ಆವೃತ್ತಿ ತೆರೆಯುತ್ತಾರೆ. ಸದಸ್ಯರನ್ನು ಯಾರೂ ಚುನಾಯಿಸುವುದಿಲ್ಲ; ಇರುವವರೇ ಹೊಸಬರನ್ನು ಸೇರಿಸಿಕೊಳ್ಳುತ್ತಾರೆ. ಇದು ಅಷ್ಟು ಪ್ರಜಾಪ್ರಭುತ್ವದ ಕ್ರಮವಲ್ಲವೆಂಬ ಟೀಕೆ ಸಹಜ. ಆದರೆ ಚುನಾವಣೆ ನಡೆದರೆ ದೊಡ್ಡ ಭಾಷೆಗಳವರೇ ಆರಿಸಿ ಬಂದಾರು ಎಂಬುದನ್ನು ಗಡಿನಾಡಿನವರು ಬೇಗ ಊಹಿಸಬಲ್ಲರು.

ತುಳುವಿನ ಪ್ರಯೋಗ ಆ ಸಸಿಮಡಿಯಲ್ಲಿ ಸುಮಾರು ಎಂಟು ವರ್ಷ ಇತ್ತು. ತುಳುವಿಗೆ ಕೊರತೆಯಿದ್ದದ್ದು ಯಾವುದು? ಆಡುವವರೇ? 2011ರ ಜನಗಣತಿಯ ಪ್ರಕಾರ ತುಳುವರು 18,46,427. ಸಾಹಿತ್ಯವೇ? ಬ್ರಿಗೆಲ್‌ನ ತುಳು ವ್ಯಾಕರಣ 1872ರಲ್ಲಿ, ಮ್ಯಾನರನ ನಿಘಂಟು 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿತು. (ಗುಂಡರ್ಟ್‌ನ ಮಲಯಾಳಂ ನಿಘಂಟು ಕೂಡ ಮಂಗಳೂರಿನಿಂದಲೇ, ಅದೇ 1872ರಲ್ಲಿ ಹೊರಟಿತು ಎಂಬುದನ್ನು ಈ ಸಂಚಿಕೆಯ ಮಲಯಾಳಂ ಪುಟಗಳ ಮಿತ್ರರಿಗೆ ನೆನಪಿಸುತ್ತೇನೆ.) ಆಮೇಲೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ, ಡಾ. ಯು. ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ, ತುಳು ನಿಘಂಟಿನ ಆರು ಸಂಪುಟಗಳು 1988ರಿಂದ 1997ರ ನಡುವೆ ಬಂದವು. ಕರ್ನಾಟಕದಲ್ಲೂ ಕೇರಳದಲ್ಲೂ ತುಳು ಅಕಾಡೆಮಿಗಳಿದ್ದವು. ಭಾಷೆ ಬೇರೆಯೆಂಬುದರಲ್ಲಿ ಯಾವ ಪಂಡಿತನಿಗೂ ಸಂದೇಹವಿರಲಿಲ್ಲ. ಕೊರತೆಯಿದ್ದದ್ದು ತಿಂಗಳು ತಿಂಗಳೂ ಕೂತು ಬರೆಯುವವರದು. ತುಳುವಿನಲ್ಲಿ ನಾಟಕವಾಡುವವರು, ಪಾಡ್ದನ ಹೇಳುವವರು, ಯಕ್ಷಗಾನದ ಅರ್ಥ ಹೇಳುವವರು ಸಾವಿರಾರು. ತುಳುವಿನಲ್ಲಿ ಗದ್ಯ ಬರೆದು ರೂಢಿಯಿರುವವರು ಕಡಿಮೆ. ನಮ್ಮ ಶಾಲೆಗಳು ಬರೆಯುವುದನ್ನು ಕಲಿಸಿದ್ದು ಕನ್ನಡದಲ್ಲಿ.

2014ರಿಂದೀಚೆಗೆ ಡಾ. ಯು. ಬಿ. ಪವನಜ ಮೊದಲಾದವರ ಪ್ರಯತ್ನದಿಂದ ಮಂಗಳೂರು ಮುಂತಾದೆಡೆ ಶಿಬಿರಗಳು ನಡೆದವು. ಶಿಬಿರದ ದಿನ ಬರೆದು ಮರೆಯುವವರು ಎಲ್ಲ ಕಡೆಯೂ ಇರುತ್ತಾರೆ. ಮರೆಯದೆ ಉಳಿದ ಕೆಲವರಿಂದ ಲೇಖನಗಳು ಸಾವಿರ ದಾಟಿದವು. ಕನ್ನಡ ವಿಕಿಪೀಡಿಯಕ್ಕೆ ಬರೆಯುತ್ತಿದ್ದವರೇ ಹಲವರು ತುಳುವಿಗೂ ಕೈ ಹಚ್ಚಿದ್ದರು. 2016ರ ಆಗಸ್ಟ್‌ನಲ್ಲಿ ಚಂಡೀಗಢದಲ್ಲಿ ನಡೆದ ಭಾರತೀಯ ವಿಕಿ ಸಮ್ಮೇಳನದಲ್ಲಿ ತುಳು ಆವೃತ್ತಿ ತೆರೆದುದನ್ನು ಪ್ರತಿಷ್ಠಾನದ ಅಂದಿನ ಮುಖ್ಯಸ್ಥೆ ಕ್ಯಾಥರೀನ್ ಮಾಹೆರ್ ಘೋಷಿಸಿದರು. ಎಂಟನೆಯ ಪರಿಚ್ಛೇದದಲ್ಲಿ ಸ್ಥಾನ ಸಿಗದ ಭಾಷೆಗೆ ಹೀಗೆ ಒಂದು ವಿಶ್ವಕೋಶ ಬಂತು. ಅದಕ್ಕೆ ಸರಕಾರದ ಆದೇಶ ಬೇಕಾಗಲಿಲ್ಲ, ನಿಯೋಗ ದಿಲ್ಲಿಗೆ ಹೋಗಲಿಲ್ಲ.

ಲಿಪಿಯ ಮಾತು ಬೇರೆ. ತುಳು ಲಿಪಿಯನ್ನು ನೋಡಿದ ಮಲಯಾಳಿಗಳು ಅರ್ಧಕ್ಕರ್ಧ ಓದಬಲ್ಲರು. ಎರಡೂ ಗ್ರಂಥ ಲಿಪಿಯ ಮಕ್ಕಳು. ಆದರೆ ಅಚ್ಚಿನಲ್ಲಿ ತುಳುವಿಗೆ ಕನ್ನಡ ಲಿಪಿಯನ್ನು ರೂಢಿಗೆ ತಂದವರು ಮಿಶನಿನವರು, ವಿಕಿಪೀಡಿಯದಲ್ಲೂ ತುಳು ಕನ್ನಡ ಲಿಪಿಯಲ್ಲೇ ನಡೆಯಿತು. ಯಾವ ಲಿಪಿ ಎಂದು ಸಮಿತಿ ಅಪ್ಪಣೆ ಕೊಡುವುದಿಲ್ಲ, ಬರೆಯುವವರಿಗೆ ಬಿಡುತ್ತದೆ. ಗಣಕಯಂತ್ರಗಳ ಯೂನಿಕೋಡ್ ಅಕ್ಷರಪಟ್ಟಿಗೆ ತುಳು-ತಿಗಳಾರಿ ಸೇರಿದ್ದೇ 2024ರಲ್ಲಿ. ಕೊಂಕಣಿಯದಂತೂ ಇನ್ನೂ ಸ್ವಾರಸ್ಯ. 2013ರಲ್ಲಿ ಗೋವಾ ವಿಶ್ವವಿದ್ಯಾಲಯ ತನ್ನ ನಾಲ್ಕು ಸಂಪುಟಗಳ ಕೊಂಕಣಿ ವಿಶ್ವಕೋಶವನ್ನು ಮುಕ್ತವಾಗಿ ಬಳಸಲು ಬಿಟ್ಟುಕೊಟ್ಟಿತು, 2015ರಲ್ಲಿ ಆವೃತ್ತಿ ತೆರೆಯಿತು. ಅಲ್ಲಿ ದೇವನಾಗರಿ, ರೋಮನ್, ಕನ್ನಡ ಮೂರೂ ಲಿಪಿಗಳ ಲೇಖನಗಳು ಒಂದೇ ಸೂರಿನಡಿ ಇವೆ. ಲಿಪಿಗಾಗಿ ದಶಕಗಟ್ಟಲೆ ಜಗಳಾಡಿದ ಸಮಾಜಕ್ಕೆ ಇದು ಸಣ್ಣ ಸಾಧನೆಯಲ್ಲ.

ಮನೆಮಾತುಗಳಿಗೆಲ್ಲ ಹೀಗೆ ಬೇರೆ ಬೇರೆ ಆವೃತ್ತಿ ಸಿಕ್ಕಿದರೆ ಗಡಿಯಲ್ಲಿ ಮೊದಲೇ ಸೊರಗಿರುವ ಕನ್ನಡದ ಬಲ ಇನ್ನಷ್ಟು ಕುಗ್ಗದೇ ಎಂದು ಕೇಳುವ ಹಿರಿಯರಿದ್ದಾರೆ. ಅವರ ಅಂಜಿಕೆಗೆ ಕಾರಣವಿದೆ. ಕಾಸರಗೋಡಿನ ಪ್ರಶ್ನೆಯಲ್ಲಿ ತುಳುವರನ್ನು ಕನ್ನಡದ ಜತೆ ಎಣಿಸಬೇಕೇ ಎಂಬುದರ ಮೇಲೆ ಎಷ್ಟೋ ವಾದ ನಿಂತಿತ್ತು. ಆದರೆ ನನ್ನ ಅಭಿಪ್ರಾಯದಲ್ಲಿ ಇಲ್ಲಿ ಕನ್ನಡಕ್ಕೆ ನಷ್ಟವಾದದ್ದೇನೂ ಇಲ್ಲ. ನಷ್ಟವಾಗುತ್ತಿರುವುದು ಬೇರೆ ಕಡೆ. 2011ರ ಗಣತಿಯಲ್ಲಿ ಕನ್ನಡಿಗರು 4 ಕೋಟಿ 37 ಲಕ್ಷ, ಮಲಯಾಳಿಗಳು 3 ಕೋಟಿ 48 ಲಕ್ಷ. ವಿಕಿಪೀಡಿಯದಲ್ಲಿ ಮಾತ್ರ ಮಲಯಾಳಂ ಲೇಖನಗಳು ಕನ್ನಡದ ಎರಡು ಪಟ್ಟಿಗಿಂತ ಹೆಚ್ಚು. ತುಳು ಇದರಲ್ಲಿ ಒಂದು ಲೇಖನವನ್ನೂ ಕಸಿದುಕೊಂಡಿಲ್ಲ.

ಹೊರಗಿನ ತಜ್ಞ ಏಕೆ ಬೇಕು ಎಂಬುದಕ್ಕೆ ಸ್ಕಾಟ್ಸ್ ಭಾಷೆಯ ಆವೃತ್ತಿ ಉದಾಹರಣೆ. ಈ ನಿಯಮಗಳಿಗೆ ಮುಂಚೆಯೇ ತೆರೆದ ಆವೃತ್ತಿ ಅದು. ಆ ಭಾಷೆಯೇ ಬಾರದ ಅಮೆರಿಕದ ಹುಡುಗನೊಬ್ಬ ಅದರಲ್ಲಿ ಸಾವಿರಾರು ಲೇಖನ ಬರೆದದ್ದು 2020ರಲ್ಲಿ ಬಯಲಾಯಿತು. 2025ರಲ್ಲಿ ಗ್ರೀನ್‌ಲ್ಯಾಂಡಿನ ಭಾಷೆಯ ಆವೃತ್ತಿಯನ್ನು ಮುಚ್ಚಲು ಇದೇ ಸಮಿತಿ ಒಪ್ಪಿತು. ಯಂತ್ರ ಅನುವಾದ ಮಾಡಿದ ತಪ್ಪು ವಾಕ್ಯಗಳೇ ಅಲ್ಲಿ ತುಂಬಿಕೊಂಡಿದ್ದವು, ತಿದ್ದುವ ಸ್ಥಳೀಯರಿರಲಿಲ್ಲ. ಮುಚ್ಚಬೇಕೆಂದು ಕೇಳಿದವರು ಅದನ್ನು ವರ್ಷಗಟ್ಟಲೆ ನೋಡಿಕೊಂಡಿದ್ದ ಸ್ವಯಂಸೇವಕರೇ.

ಸಮಿತಿಯ ಅಳತೆಗೋಲಿನಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಬೆಟ್ಟದವನಾದ್ದರಿಂದ ಕಂಡದ್ದಿರಬಹುದು. ತಾಳವಾಡಿಯ ಕಾಡಂಚಿನಲ್ಲಿ ಸೋಲಿಗರೂ ಊರಾಳಿಗಳೂ ಇದ್ದಾರೆ. ಸೋಲಿಗರ ನುಡಿಗೂ ಊರಾಳಿಗೂ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಸಂಕೇತಗಳಿವೆ. ಎಂದರೆ ಮೊದಲ ಬಾಗಿಲಿನ ಬೀಗದ ಕೈ ಅವರ ಹೆಸರಿನಲ್ಲಿದೆ. ಎರಡನೆಯ ಬಾಗಿಲಿಗೆ ಬೇಕಾದದ್ದು ಅಕ್ಷರ, ಬಿಡುವು, ಯಂತ್ರ, ಸಂಪರ್ಕ. ಯಾವ ಗಿಡಕ್ಕೆ ಯಾವ ಕಾಲದಲ್ಲಿ ಜೇನು ಕಟ್ಟುತ್ತದೆಂದು ಹೇಳಬಲ್ಲ ಸೋಲಿಗ ಮುದುಕನ ತಿಳಿವಳಿಕೆ ವಿಶ್ವಕೋಶಕ್ಕೆ ಸಲ್ಲುವಂಥದ್ದೇ. ಆದರೆ ಅದು ಅಚ್ಚಾದ ಪುಸ್ತಕದಲ್ಲಿ ಇಲ್ಲದಿದ್ದರೆ ಆಧಾರವೆಲ್ಲಿ ಎಂದು ಕೇಳುತ್ತಾರೆ. ಬರೆಯುವವರ ನಡುವೆ ನ್ಯಾಯವಾಗಿರುವ ನಿಯಮ, ಬರೆಯದವರ ಹತ್ತಿರ ಬರುವಾಗ ಮೌನವಾಗುತ್ತದೆ.

ಹವ್ಯಕರ ಮಾತನ್ನು ಮೈಸೂರಿನವರು ಮೊದಲ ಸಲ ಕೇಳಿದರೆ ತಬ್ಬಿಬ್ಬಾಗುತ್ತಾರೆ, ಆದರೂ ಅದು ಕನ್ನಡದ ಉಪಭಾಷೆಯೆಂದೇ ಎಣಿಕೆ, ಆದ್ದರಿಂದ ಮೊದಲ ಬಾಗಿಲಲ್ಲೇ ನಿಲ್ಲುತ್ತದೆ. ನೀಲಗಿರಿಯ ಬಡಗದ ಸ್ಥಿತಿ ಇದಕ್ಕೆ ತಿರುಗುಮುರುಗು. ಹಾಕಿಂಗ್ಸ್ ಮತ್ತು ಪಿಲೋ-ರೈಶೂರ್ 1992ರಲ್ಲಿ ಅದಕ್ಕೊಂದು ದೊಡ್ಡ ನಿಘಂಟನ್ನೇ ಮಾಡಿದರು. ಐಎಸ್‌ಒ ಪಟ್ಟಿಯಲ್ಲಿ ಅದಕ್ಕೆ 'ಬಿಎಫ್‌ಕ್ಯು' ಎಂಬ ಪ್ರತ್ಯೇಕ ಸಂಕೇತವಿದೆ. ನಮ್ಮ ಜನಗಣತಿಯಲ್ಲಿ ಮಾತ್ರ 2011ರ 1,33,550 ಬಡಗರು ಕನ್ನಡದ ಒಟ್ಟು ಮೊತ್ತದೊಳಗೇ ಸೇರಿದ್ದಾರೆ. ಒಂದೇ ಮೊತ್ತ ಎರಡು ಲೆಡ್ಜರುಗಳಲ್ಲಿ ಎರಡು ತಲೆಬರಹದಡಿ ಬಿದ್ದಿದ್ದರೆ ನಮ್ಮ ಶಾಖೆಯಲ್ಲಿ ಸಂಜೆ ಮನೆಗೆ ಹೋಗಲು ಬಿಡುವುದಿಲ್ಲ. ಬಡಗರ ವಿಷಯದಲ್ಲಿ ಯಾವ ಲೆಡ್ಜರು ಸರಿಯೆಂದು ಹೇಳಬೇಕಾದವರು ಗಣತಿದಾರರೂ ಅಲ್ಲ, ಸಮಿತಿಯೂ ಅಲ್ಲ. ಕೋತಗಿರಿಯಲ್ಲೋ ಊಟಿಯಲ್ಲೋ ಮೂವರು ಬಡಗರು ಕೂತು ತಿಂಗಳಿಗೆ ಹತ್ತರಂತೆ ಬರೆಯತೊಡಗಿದರೆ ಅವರ ಕಡತ ಸಮಿತಿಯ ಮುಂದೆ ತೆರೆದುಕೊಳ್ಳುತ್ತದೆ.