ನಿಂತಲ್ಲೇ ತಿರುಗುವ ಅಣುಗಳು



ದಸರಾ ಮುಗಿಯುವ ಇರುಳು ಮೈಸೂರಿನ ಬನ್ನಿಮಂಟಪದಲ್ಲಿ ನಡೆಯುವ ಪಂಜಿನ ಕವಾಯತನ್ನು ನೀವು ದೂರದರ್ಶನದಲ್ಲಾದರೂ ನೋಡಿರುತ್ತೀರಿ. ಸಾಲಾಗಿ ನಿಂತವರು ಕಾಲು ಕದಲಿಸದೆ, ಒಂದೇ ಆಜ್ಞೆಗೆ ಒಟ್ಟಿಗೆ ಮುಖ ತಿರುಗಿಸುತ್ತಾರೆ. ಒಂದು ಹರಳಿನೊಳಗಿನ ಅಣುಗಳು ಹೀಗೆಯೇ ಜಾಗ ಬಿಡದೆ, ವಿದ್ಯುತ್ ಕ್ಷೇತ್ರದ ಆಜ್ಞೆಗೆ ತಿರುಗುವಂತೆ ಮಾಡಬಹುದೆ? ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ಅದರ ಒಂದು ಅಧ್ಯಾಯ ಮೈಸೂರಿನಲ್ಲೇ ನಡೆಯಿತು.

ನಾನು ಗೋಕುಲಂನವನು. ಬಿ.ಎಸ್‌ಸಿ. ಓದುವ ದಿನಗಳಲ್ಲಿ ಸೈಕಲ್ ಹತ್ತಿ ಕಾಳಿದಾಸ ರಸ್ತೆ ದಾಟಿದರೆ ಮಾನಸಗಂಗೋತ್ರಿಯ ಮರಗಳ ನೆರಳು. ಭೌತವಿಜ್ಞಾನ ವಿಭಾಗದ ಮುಂದೆ ಎಷ್ಟೋ ಸಂಜೆ ಹಾದುಹೋಗಿದ್ದೇನೆ. ಅಲ್ಲಿ ಏನು ನಡೆದಿತ್ತೆಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸ್ಟುಡಿಯೋದ ದಪ್ಪ ಗಾಜಿನ ಮಾನಿಟರುಗಳು ಹೋಗಿ ಚಪ್ಪಟೆ ಪರದೆಗಳು ಬಂದಾಗ, ಅವುಗಳ ಬಗ್ಗೆ ಒಂದು ಕಾರ್ಯಕ್ರಮ ಮಾಡಲು ಕುಳಿತವನಿಗೆ ಈ ಕಥೆ ಎದುರಾಯಿತು.

ಹರಳು ಎಂದರೆ ಅಲುಗಾಡದ ವಸ್ತು ಎಂದು ನಾವು ಭಾವಿಸುತ್ತೇವೆ. ಇದು ಅರ್ಧ ಮಾತ್ರ ನಿಜ. ಕೆಲವು ಹರಳುಗಳಲ್ಲಿ ಅಣುಗಳು ತಮ್ಮ ಸ್ಥಾನದಲ್ಲೇ ಬುಗುರಿಯಂತೆ ತಿರುಗಬಲ್ಲವೆಂದು 1930ರಲ್ಲಿ ಲೈನಸ್ ಪಾಲಿಂಗ್ ವಾದಿಸಿದರು. 1953ರಲ್ಲಿ ಆಂಡ್ರ್ಯೂ ಮತ್ತು ಈಡ್ಸ್ ಎಂಬ ವಿಜ್ಞಾನಿಗಳು ಹೆಪ್ಪುಗಟ್ಟಿದ ಬೆಂಜೀನನ್ನು ಪರೀಕ್ಷಿಸಿ, ಅದರ ಆರು ಮೂಲೆಯ ಉಂಗುರಗಳು ಘನಸ್ಥಿತಿಯಲ್ಲೂ ತಮ್ಮ ಅಕ್ಷದ ಸುತ್ತ ತಿರುಗುತ್ತವೆಂದು ತೋರಿಸಿದರು. ಹಾಗಾದರೆ 'ಕರಗುವುದು' ಎಂದರೇನು? ಅಣುವಿನ ಸ್ಥಾನ ಕದಡುವುದೊಂದು, ಅದರ ದಿಕ್ಕು ಕದಡುವುದು ಇನ್ನೊಂದು. ಇವೆರಡೂ ಒಟ್ಟಿಗೇ ಆಗಬೇಕೆಂದೇನಿಲ್ಲವಲ್ಲ! 1961ರಲ್ಲಿ ಪೋಪಲ್ ಮತ್ತು ಕರಾಸ್ಜ್ ಇದಕ್ಕೆ ಒಂದು ಗಣಿತ ಕೊಟ್ಟರು. ಅವರ ಗಮನವಿದ್ದದ್ದು ದಿಕ್ಕು ಮೊದಲು ಕದಡುವ ಹರಳುಗಳ ಮೇಲೆ. (ಈ ಪೋಪಲ್ಲರಿಗೆ ಮುಂದೆ 1998ರಲ್ಲಿ ಬೇರೆ ಕೆಲಸಕ್ಕಾಗಿ ನೊಬೆಲ್ ಬಂತು.)

ಅದೇ 1961ರಲ್ಲಿ ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಬಂದರು. ನಕ್ಷತ್ರಗಳ ಚಂದ್ರಶೇಖರ್ ಅವರೊಡನೆ ಇವರನ್ನು ಬೆರೆಸಬೇಡಿ. ಇಬ್ಬರೂ ಸರ್ ಸಿ. ವಿ. ರಾಮನ್ ಅವರ ಬಂಧುಗಳೇ ಆದರೂ ಇವರು ಬೇರೆ. ಆಗ ಇವರಿಗೆ ಮೂವತ್ತೊಂದು ವರ್ಷ. ಕೇಂಬ್ರಿಜ್ಜಿನಲ್ಲಿ ಹರಳುಗಳ ಮೇಲೆ ಕೆಲಸ ಮಾಡಿ ಬಂದವರು, ಮೈಸೂರಿನಲ್ಲಿ ದ್ರವ ಸ್ಫಟಿಕದ ಕಡೆ ಹೊರಳಿದರು. ದ್ರವದಂತೆ ಹರಿಯುತ್ತಿದ್ದರೂ ಹರಳಿನಂತೆ ಒಂದು ದಿಕ್ಕಿಗೆ ಮುಖಮಾಡಿ ನಿಲ್ಲುವ ಉದ್ದನೆಯ ಅಣುಗಳ ವಸ್ತು ಇದು. ಅಮೆರಿಕದ ಆರ್‌ಸಿಎ ಸಂಸ್ಥೆ ದ್ರವ ಸ್ಫಟಿಕದ ಪರದೆಯನ್ನು ಲೋಕಕ್ಕೆ ತೋರಿಸಿದ್ದು 1968ರಲ್ಲಿ. ಮೈಸೂರಿನಲ್ಲಿ ಅಂಥ ಕಾರ್ಖಾನೆ ಇರಲಿಲ್ಲ, ಪ್ರಶ್ನೆಗಳಿದ್ದವು.

1970 ಮತ್ತು 1971ರಲ್ಲಿ ಚಂದ್ರಶೇಖರ್, ಶಶಿಧರ್ ಮತ್ತು ತಾರಾ ಅವರು ಅಣು ಹರಳುಗಳ ಕರಗುವಿಕೆಯ ಬಗ್ಗೆ ಪ್ರಕಟಿಸಿದ ಪ್ರಬಂಧಗಳು ಪೋಪಲ್-ಕರಾಸ್ಜ್ ಗಣಿತವನ್ನು ಅದರ ಇನ್ನೊಂದು ಕೊನೆಯವರೆಗೆ ಎಳೆದವು. ಅಣುವನ್ನು ತಿರುಗಿಸಲು ಬೇಕಾದ ಶಕ್ತಿಯನ್ನೂ ಅದನ್ನು ಜಾಗದಿಂದ ಕದಲಿಸಲು ಬೇಕಾದ ಶಕ್ತಿಯನ್ನೂ ಹೋಲಿಸಿ ನೋಡಿ. ತಿರುಗುವುದು ಸುಲಭವಾದರೆ ದಿಕ್ಕು ಮೊದಲು ಕದಡುತ್ತದೆ: ಹರಳು ಹರಳಾಗಿಯೇ ಉಳಿದು ಒಳಗೆ ಅಣುಗಳು ಸುತ್ತುತ್ತವೆ. ತಿರುಗುವುದು ಕಷ್ಟವಾದರೆ ಸ್ಥಾನ ಮೊದಲು ಕದಡುತ್ತದೆ: ಅಣುಗಳು ಹರಿಯತೊಡಗಿದರೂ ದಿಕ್ಕು ಬಿಡುವುದಿಲ್ಲ. ಇದೇ ದ್ರವ ಸ್ಫಟಿಕ. ಪ್ಯಾರಾ-ಅಜಾಕ್ಸಿಅನಿಸೋಲ್ ಎಂಬ ವಸ್ತು ಸುಮಾರು 118 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಂಜಾದ ದ್ರವವಾಗುತ್ತದೆ, ಸುಮಾರು 135ಕ್ಕೆ ತಿಳಿಯಾಗುತ್ತದೆ. ನಡುವಿನ ಆ ಹದಿನೇಳು ಡಿಗ್ರಿ ಏಕಿದೆ ಎಂಬುದಕ್ಕೆ ಇಲ್ಲಿ ಉತ್ತರ ಸಿಕ್ಕಿತು. ಕಾಣಲು ಸಂಬಂಧವೇ ಇಲ್ಲದ ಎರಡು ಬಗೆಯ ವಸ್ತುಗಳು ಒಂದೇ ಲೆಕ್ಕದ ಎರಡು ತುದಿಗಳಾದವು. ಚಂದ್ರಶೇಖರ್ ಅವರ ಹೆಸರು ಹೇಳುವಾಗ ಎಲ್ಲರೂ ನೆನೆಯುವುದು ಮುಂದಿನ ಬೆಂಗಳೂರಿನ ಕೆಲಸವನ್ನು. ನನಗೆ ಮಾತ್ರ ಈ ಮೈಸೂರಿನ ಲೆಕ್ಕವೇ ಹೆಚ್ಚು ಇಷ್ಟ.

1971ರಲ್ಲಿ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. 1977ರಲ್ಲಿ ಸದಾಶಿವ ಮತ್ತು ಸುರೇಶ್ ಅವರೊಡನೆ, ಕಡ್ಡಿಯಂಥ ಅಣುಗಳಷ್ಟೇ ಅಲ್ಲ, ಬಿಲ್ಲೆಯಂಥ ಅಣುಗಳೂ ನಾಣ್ಯಗಳ ಕಂಬದಂತೆ ಪೇರಿಕೊಂಡು ದ್ರವ ಸ್ಫಟಿಕವಾಗಬಲ್ಲವೆಂದು ತೋರಿಸಿದರು.

ಇನ್ನು ವಿದ್ಯುತ್ತಿನ ವಿಷಯ. ಕೆಲವು ಅಣುಗಳಲ್ಲಿ ಒಂದು ಕೊನೆ ಸ್ವಲ್ಪ ಧನ, ಇನ್ನೊಂದು ಸ್ವಲ್ಪ ಋಣ. ನೀರಿನ ಅಣು ಹೀಗೆಯೇ. ಇವು ದ್ವಿಧ್ರುವಗಳು. ವಿದ್ಯುತ್ ಕ್ಷೇತ್ರ ಇವನ್ನು ತನ್ನತ್ತ ತಿರುಗಿಸಲು ನೋಡುತ್ತದೆ, ಶಾಖ ಕದಡಲು ನೋಡುತ್ತದೆ ಎಂದು 1912ರಲ್ಲೇ ಪೀಟರ್ ಡಿಬೈ ವಿವರಿಸಿದ್ದರು. ಲೆಕ್ಕ ಹಾಕಿ ನೋಡಿ: 3 ಡಿಬೈ ದ್ವಿಧ್ರುವದ ಒಂದು ಒಂಟಿ ಅಣುವಿಗೆ ಮಿಲಿಮೀಟರಿಗೆ 1000 ವೋಲ್ಟಿನ ಕ್ಷೇತ್ರ ಕೊಟ್ಟರೂ ದೊರೆಯುವ ಶಕ್ತಿ ಕೋಣೆಯ ಶಾಖದ ಕುಲುಕಾಟದ ಸುಮಾರು 400ರಲ್ಲಿ ಒಂದು ಪಾಲು ಅಷ್ಟೆ. ಹಾಗಿದ್ದೂ ಗಡಿಯಾರದ ದ್ರವ ಸ್ಫಟಿಕ ಕೆಲವೇ ವೋಲ್ಟಿಗೆ ತಿರುಗುತ್ತದೆ. ಅಲ್ಲಿ ಅಣುಗಳು ಅಕ್ಕಪಕ್ಕದವರನ್ನು ಹಿಡಿದುಕೊಂಡು ಗುಂಪಾಗಿ ತಿರುಗುವುದೇ ಇದಕ್ಕೆ ಕಾರಣ.

ಆದರೆ ಅಕ್ಕಪಕ್ಕದವರು ಉಪಕಾರವನ್ನಷ್ಟೇ ಮಾಡುವುದಿಲ್ಲ. 1973ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ದ್ರವ ಸ್ಫಟಿಕ ಸಮ್ಮೇಳನ ನಡೆಯಿತು. 1975ರಲ್ಲಿ ಅಚ್ಚಾದ ಅದರ ಸಂಪುಟದಲ್ಲಿ ಮಧುಸೂದನ ಮತ್ತು ಚಂದ್ರಶೇಖರ್ ಒಂದು ಕಸಿವಿಸಿಯ ಮಾತು ಹೇಳಿದರು: ಬಲವಾದ ದ್ವಿಧ್ರುವಗಳುಳ್ಳ ನೆರೆಯ ಅಣುಗಳು ಒಂದರ ತಲೆಗೆ ಇನ್ನೊಂದರ ಕಾಲು ಬರುವಂತೆ ಜೋಡಿಯಾಗಲು ಬಯಸುತ್ತವೆ. ಆಗ ಧನವೂ ಋಣವೂ ಪರಸ್ಪರ ಅಳಿಸಿಕೊಳ್ಳುತ್ತವೆ; ಹೊರಗಿನ ಕ್ಷೇತ್ರದ ಹಿಡಿತಕ್ಕೆ ಉಳಿಯುವುದು ಸ್ವಲ್ಪವೇ.

ತಿರುಗುವ ಭಾಗವುಳ್ಳ ಹರಳನ್ನು ಬೇಕೆಂದೇ ಕಟ್ಟಲು ಹೊರಟವರಿಗೆ ಅಡ್ಡ ಬಂದದ್ದೂ ಇಂಥದ್ದೇ ತೊಡಕು. ಹರಳಿನಲ್ಲಿ ಅಣುಗಳು ಒತ್ತಾಗಿ ಕೂರುತ್ತವೆ. ತಿರುಗಲು ಜಾಗ ಬೇಕು. ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ವಿಶ್ವವಿದ್ಯಾನಿಲಯದ ಗಾರ್ಸಿಯಾ-ಗರಿಬೇ ಮತ್ತು ಸಂಗಡಿಗರು 2002ರಲ್ಲಿ ಒಂದು ಉಪಾಯ ಪ್ರಕಟಿಸಿದರು. ನಡುವೆ ಒಂದು ಬೆಂಜೀನ್ ಉಂಗುರ, ಎರಡೂ ಬದಿಗೆ ಅಚ್ಚಿನಂತೆ ನೇರವಾದ ಇಂಗಾಲದ ತ್ರಿಬಂಧ, ಅವುಗಳ ಕೊನೆಗೆ ದಪ್ಪನೆಯ ಗುಂಪುಗಳು. ಬಾವಿಯ ರಾಟೆಯನ್ನು ಜ್ಞಾಪಿಸಿಕೊಳ್ಳಿ: ಎರಡು ಕಂಬ, ಒಂದು ಅಚ್ಚು, ನಡುವೆ ತಿರುಗುವ ಗಾಲಿ. ದಪ್ಪ ಗುಂಪುಗಳು ಹರಳನ್ನು ಕಟ್ಟಿ ನಿಲ್ಲಿಸುತ್ತವೆ, ಉಂಗುರಕ್ಕೆ ಬಯಲು ಬಿಡುತ್ತವೆ. ಉಂಗುರದ ಒಂದು ಪಕ್ಕಕ್ಕೆ ಫ್ಲೋರಿನ್‌ನಂಥ ಪರಮಾಣು ಸೇರಿಸಿದರೆ ಅದಕ್ಕೆ ದ್ವಿಧ್ರುವವೂ ಬರುತ್ತದೆ. ಆಗ ಅದು ಅಣುಗಾತ್ರದ ದಿಕ್ಸೂಚಿ. ಅಂಥ ದ್ವಿಧ್ರುವಗಳ ಹರಳಿಗೆ ವಿದ್ಯುತ್ ಕ್ಷೇತ್ರ ಕೊಟ್ಟು ಪ್ರತಿಕ್ರಿಯೆ ಅಳೆದದ್ದು 2005ರಲ್ಲಿ ಪ್ರಕಟವಾಯಿತು.

ಮುಂದೆ ಲೋಹ ಮತ್ತು ಸಾವಯವ ಅಣುಗಳನ್ನು ಹೆಣೆದ, ಒಳಗೆ ಬಿಡುವಿರುವ ಚೌಕಟ್ಟುಗಳು ಬಂದವು. ಅಂಥದೊಂದರ ತಿರುಗುವ ಉಂಗುರಗಳು ಚಳಿಯಲ್ಲಿ ಹೊರಗಿನ ಆಜ್ಞೆಯಿಲ್ಲದೆ, ಪರಸ್ಪರ ಸೆಳೆತದಿಂದಲೇ ಸಾಲುಗೂಡಿದ್ದನ್ನು ಅದೇ ವಿಶ್ವವಿದ್ಯಾನಿಲಯದವರು 2021ರಲ್ಲಿ ವರದಿ ಮಾಡಿದರು. ಅದಕ್ಕೆ ಬೇಕಾದ ಚಳಿ ನಮ್ಮ ಮೈಸೂರಿನ ಮಾಗಿಯದಲ್ಲ; ಶೂನ್ಯಕ್ಕಿಂತ ಬಹಳ ಕೆಳಗಿನದು. ಕೋಣೆಯ ಶಾಖದಲ್ಲಿ ಆ ಉಂಗುರಗಳು ಮತ್ತೆ ತಮ್ಮ ತಮ್ಮ ಪಾಡಿಗೆ ತಿರುಗತೊಡಗುತ್ತವೆ.