ಕಲಗಚ್ಚು ಬಾನಿ ಎಲ್ಲಿಗೆ ಹೋಯ್ತು?

ಪಾತ್ರೆ ತೊಳೀತಿರೋರಿಗೆ ಇವತ್ತಿನ ಸಂಚಿಕೆ ಸ್ವಲ್ಪ ಜಾಸ್ತಿ ಹತ್ತಿರವಾಗುತ್ತೆ, ಯಾಕಂದ್ರೆ ನಮ್ಮ ಕಥೆ ಶುರುವಾಗೋದೇ ಬಚ್ಚಲ ಪಕ್ಕದಿಂದ.

ರೀಲ್ಸ್ ತೆಗೆದ್ರೆ ಒಂದು ಥರದ ವಿಡಿಯೋ ಪದೇ ಪದೇ ಬರುತ್ತೆ, ನೋಡಿರ್ತೀರಿ. ಪ್ಲಾಸ್ಟಿಕ್ ಬಿಡಿ, ಅದರ ಬದಲು ಇದು ತಗೊಳ್ಳಿ. ಬಿದಿರಿನ ಬ್ರಷ್ಷು, ಸ್ಟೀಲ್ ಸ್ಟ್ರಾ, ಗಾಜಿನ ಡಬ್ಬಿ. ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಆ ಪಟ್ಟಿಯಲ್ಲಿ ಹೆಚ್ಚಿನವು ಹೊಸದಾಗಿ ಕೊಳ್ಳಬೇಕಾದ ವಸ್ತುಗಳೇ, ಅಲ್ವಾ? ನನ್ನ ಕುತೂಹಲ ಬೇರೆ. ಗುಂಡ್ಲುಪೇಟೆ, ಚಾಮರಾಜನಗರ ಕಡೆಯ ಒಂದು ಸಾಧಾರಣ ಮನೆಯಲ್ಲಿ ಪ್ಲಾಸ್ಟಿಕ್ ಬರೋಕೆ ಮುಂಚೆ ಆ ಜಾಗದಲ್ಲಿ ಏನಿತ್ತು? ಅದು ಯಾಕೆ ಹೋಯ್ತು? ಮರೆತು ಹೋಯ್ತಾ, ಇಲ್ಲಾ ಯಾರಾದ್ರೂ ತೆಗೆದ್ರಾ?

ಮೊದಲು ಊಟದಿಂದ ಹಿಡಿಯೋಣ. ಹಿತ್ತಲಲ್ಲಿ ಒಂದು ಬಾನಿ ಇರ್ತಿತ್ತು. ಕೆಲವು ಕಡೆ ಕಲ್ಲಿಂದು, ಕೆಲವು ಕಡೆ ಮಣ್ಣಿಂದು. ಅಕ್ಕಿ ತೊಳೆದ ನೀರು, ಅನ್ನ ಬಸಿದ ಗಂಜಿ, ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಮಿಕ್ಕಿದ್ದು, ಎಲ್ಲಾ ಅದಕ್ಕೇ. ಅದೇ ಕಲಗಚ್ಚು. ಸಂಜೆ ಮೇವಿಂದ ಬಂದ ಹಸು ಮೂಗು ಮುಳುಗಿಸಿ ಅದನ್ನ ಕುಡೀತಿತ್ತು. ಹಸು ಹಾಕಿದ ಸಗಣಿ ತಿಪ್ಪೆಗೆ, ತಿಪ್ಪೆ ಮಳೆಗಾಲಕ್ಕೆ ಮುಂಚೆ ಹೊಲಕ್ಕೆ, ಹೊಲದಿಂದ ರಾಗಿ ಮತ್ತೆ ಮನೆಗೆ. ದೀಪಾವಳಿಯಲ್ಲಿ ತಿಪ್ಪೆ ಮೇಲೂ ಒಂದು ದೀಪ ಇಡೋ ಊರುಗಳಿವೆ. ಕಸದ ಗುಡ್ಡೆಗೆ ಯಾರೂ ದೀಪ ಹಚ್ಚಲ್ಲ. ಅದು ಕಸ ಅನ್ನೋ ಲೆಕ್ಕದಲ್ಲೇ ಇರಲಿಲ್ಲ, ಮುಂದಿನ ವರ್ಷದ ಬೆಳೆಯ ಬಂಡವಾಳ ಆಗಿತ್ತು.

ಒಲೆ ಮೇಲಿನ ಲೆಕ್ಕವೂ ಅಷ್ಟೇ. ಬಸ್ಸಾರು ತಿಂದಿರ್ತೀರಿ. ಸೊಪ್ಪು, ಕಾಳು ಬೇಯಿಸಿ, ಕಟ್ಟು ಬಸಿದು, ಆ ಕಟ್ಟಿಂದ ಸಾರು, ಉಳಿದಿದ್ದರಿಂದ ಪಲ್ಯ. ಬೇಯಿಸಿದ ನೀರನ್ನೂ ಚೆಲ್ಲಬಾರದು ಅನ್ನೋ ಹಟದಲ್ಲಿ ಹುಟ್ಟಿದ ಅಡುಗೆ ಅನ್ಸುತ್ತೆ ನನಗೆ. ಉಪ್ಪೆಸರೂ ಅದರ ಅಣ್ಣತಮ್ಮನೇ. ಇನ್ನು ಬೆರಕೆ ಸೊಪ್ಪು ಅಂದ್ರೆ ಹೊಲದ ಬದುವಿನಲ್ಲಿ ತಾನಾಗೇ ಎದ್ದಿದ್ದು, ಕಳೆ ಅಂತ ಕಿತ್ತು ಬಿಸಾಕಬಹುದಾಗಿದ್ದು, ಮಡಿಲು ತುಂಬಿ ಮನೆಗೆ ಬರ್ತಿತ್ತು. ರಾತ್ರಿ ಮಿಕ್ಕ ಮುದ್ದೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿದ್ರೆ ಹೊಲಕ್ಕೆ ಹೋಗೋರ ನಾಷ್ಟ ರೆಡಿ.

ಇಷ್ಟು ಹಟ ಯಾಕೆ? ಇದಕ್ಕೊಂದು ಕತ್ತಲೆ ಕಾರಣ ಇದೆ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನಕ್ಕೆ ಭೀಕರ ಬರ ಬಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ. ಹತ್ತು ವರ್ಷ ಬಿಟ್ಟು, 1881ರಲ್ಲಿ ಎಣಿಸಿದಾಗ ಸಿಕ್ಕಿದ್ದು ಸುಮಾರು 41.9 ಲಕ್ಷ. ಹತ್ತು ವರ್ಷದಲ್ಲಿ ಜನ ಹೆಚ್ಚಾಗಬೇಕಿತ್ತು, ಎಂಟೂವರೆ ಲಕ್ಷಕ್ಕೂ ಹೆಚ್ಚು ಕಮ್ಮಿ ಆಗಿದ್ರು. ಅನ್ನ ಚೆಲ್ಲಿದ್ರೆ ಅಜ್ಜಿ ಬೈತಾರಲ್ಲ, ಆ ಬೈಗುಳದ ಹಿಂದೆ ಈ ಥರದ ನೆನಪೂ ಇದೆ.

ಬರಕ್ಕೆ ಈ ಸೀಮೆಯವರು ಕಂಡುಕೊಂಡಿದ್ದ ಉಪಾಯದ ಹೆಸರು ಹಗೇವು. ನೆಲದಲ್ಲಿ ತೋಡಿದ ಕಣಜ. ಬಾಯಿ ಸಣ್ಣದು, ಒಬ್ಬ ಇಳಿಯೋ ಅಷ್ಟು. ಒಳಗೆ ಹೊಟ್ಟೆ ಅಗಲ. ಗೋಡೆಗೆ ಹುಲ್ಲು ಒತ್ತಿ, ಒಣಗಿದ ರಾಗಿ ಸುರಿದು, ಮೇಲೆ ಚಪ್ಪಡಿ ಇಟ್ಟು ಮಣ್ಣು ಮೆತ್ತೋರು. ಒಳಗೆ ಗಾಳಿ ಇಲ್ಲದ ಮೇಲೆ ಹುಳ ಬದುಕೋದಾದ್ರೂ ಹೇಗೆ? ವರ್ಷಗಟ್ಟಲೆ ರಾಗಿ ಹಾಗೇ ಇರ್ತಿತ್ತು. ತೆಗೆಯುವಾಗ ಮಾತ್ರ ಹುಷಾರು. ಮುಚ್ಚಳ ತೆಗೆದು ಗಾಳಿಯಾಡೋಕೆ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡೋರು. ದೀಪ ಆರಿದ್ರೆ ಮನುಷ್ಯನೂ ಇಳಿಯಬಾರದು. ಈಗಿನ ಗಾಳಿಯಾಡದ ಡಬ್ಬಿ ಮಾಡೋದೂ ಇದೇ ಕೆಲಸ, ಸೈಜು ಮಾತ್ರ ಚಿಕ್ಕದು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗೋದು ಸರಿಯಲ್ಲ. ಹಳೇ ಕಾಲ ಬಂಗಾರ ಅಂತ ನಾನು ಹಾಡ್ತಾ ಇಲ್ಲ. ತಂಗಳು ಅನ್ನೋ ಪದಕ್ಕೆ ಇನ್ನೊಂದು ಮುಖ ಇದೆ. ಜೀತದ ಮನೆಯಲ್ಲಿ ದುಡಿದವರ ಕೈಗೆ ಕೂಲಿ ಬದಲು ಬರ್ತಿದ್ದದ್ದು ಎಷ್ಟೋ ಸಲ ಯಾರದ್ದೋ ಮನೆಯ ತಂಗಳೇ. ನಿಮ್ಮ ತಾತ ಫ್ರಿಜ್ ಕೊಂಡಿದ್ದನ್ನ ಹೆಮ್ಮೆಯಿಂದ ಹೇಳಿದ್ರೆ, ತಂಗಳು ಮುಟ್ಟಲ್ಲ ಅಂದ್ರೆ, ನಗಬೇಡಿ. ಹಾಗೇ, ಬಾನಿ, ತಿಪ್ಪೆ, ಬೂದಿ, ಬೀಸೋ ಕಲ್ಲು, ಇದೆಲ್ಲಾ ಯಾರ ಕೈಯಲ್ಲಿ ನಡೀತಿತ್ತು? ಹೆಂಗಸರ ಕೈಯಲ್ಲಿ. ಪರಿಸರಸ್ನೇಹಿ ಮನೆ ಅಂದ್ರೆ ಮನೆಯ ಹೆಣ್ಣುಮಕ್ಕಳಿಗೆ ಇನ್ನೆರಡು ಗಂಟೆ ಕೆಲಸ ಅಂತಾದ್ರೆ, ಅಂಥ ಬದಲಾವಣೆ ನನಗಂತೂ ಬೇಡ.

ಸರಿ, ಪ್ಲಾಸ್ಟಿಕ್ ಹೇಗೆ ಬಂತು? ಎರಡು ದಾರಿಯಲ್ಲಿ ಬಂತು ಅನ್ನಬಹುದು. ಒಂದು, ಕೈಚೀಲ. ಎರಡು ಹಿಡಿಕೆಯ ಬನಿಯನ್ ಆಕಾರದ ಕವರ್ ಇದೆಯಲ್ಲ, ಅದನ್ನ ರೂಪಿಸಿದ್ದು ಸ್ವೀಡನ್ನಿನ ಸೆಲೊಪ್ಲಾಸ್ಟ್ ಕಂಪನಿಯ ಎಂಜಿನಿಯರ್ ಸ್ಟೆನ್ ಗುಸ್ತಾಫ್ ಥೂಲಿನ್, ಪೇಟೆಂಟ್ 1965ರದ್ದು. ಎರಡನೇ ದಾರಿ ನಮಗೆ ಇನ್ನೂ ಹತ್ತಿರದ್ದು. ತಮಿಳುನಾಡಿನ ಕಡಲೂರಿನಲ್ಲಿ ಚಿನ್ನಿ ಕೃಷ್ಣನ್ ಅನ್ನೋರು ಶಾಂಪೂವನ್ನ ಪುಟ್ಟ ಪೊಟ್ಟಣದಲ್ಲಿ ತುಂಬಿ ಮಾರೋ ದಾರಿ ತೋರಿಸಿದ್ರು. 1983ರಲ್ಲಿ ಅವರ ಮಗ ಸಿ.ಕೆ. ರಂಗನಾಥನ್ ಚಿಕ್ ಶಾಂಪೂ ಶುರು ಮಾಡಿದ್ರು. ಬಾಟಲಿ ಕೊಳ್ಳೋಕಾಗದವರೂ ಶಾಂಪೂ ಕೊಳ್ಳೋ ಹಾಗಾಯ್ತು. ಬಡವರ ಪಾಲಿಗೆ ಅದು ನಿಜಕ್ಕೂ ದೊಡ್ಡ ವಿಷಯ. ಪೆಟ್ಟಿಗೆ ಅಂಗಡಿಯಲ್ಲಿ ತೋರಣದ ಹಾಗೆ ಸ್ಯಾಶೆ ನೇತಾಡೋಕೆ ಶುರುವಾಯ್ತು. ಖಾಲಿ ಪೊಟ್ಟಣ ಮಾತ್ರ ಎಲ್ಲೂ ವಾಪಸ್ ಹೋಗಲಿಲ್ಲ. ಪದರದ ಮೇಲೆ ಪದರ ಅಂಟಿಸಿದ ಹಾಳೆ ಅದು, ಬಿಡಿಸೋದು ಕಷ್ಟ, ಗುಜರಿಯವರೂ ಮುಟ್ಟಲ್ಲ.

ಆ ಪೊಟ್ಟಣ ಬರೋಕೆ ಮುಂಚೆ ತಲೆಗೆ ಸೀಗೆ, ಬಟ್ಟೆಗೆ, ಒಡವೆಗೆ ಅಂಟುವಾಳ. ಈ ಜಿಲ್ಲೆಯಲ್ಲಿ ಅವು ಎಲ್ಲಿಂದ ಬರ್ತಿದ್ವು? ಬಿಳಿಗಿರಿರಂಗನ ಬೆಟ್ಟದ ಕಾಡಿಂದ, ಸೋಲಿಗರ ಕೈಯಿಂದ. ಜೇನು, ನೆಲ್ಲಿಕಾಯಿ, ಅರಳೆಕಾಯಿ, ಪಾಚಿ, ಸೀಗೆ, ಅಂಟುವಾಳ. ಆದಿವಾಸಿಗಳ ಸಹಕಾರ ಸಂಘ, ಲ್ಯಾಂಪ್ಸ್ ಅಂತಾರೆ, ಅದು ಕೊಂಡುಕೊಂಡು ಮಾರ್ತಿತ್ತು. ಸೋಲಿಗರ ಎಷ್ಟೋ ಮನೆಗಳಿಗೆ ಕೈಗೆ ದುಡ್ಡು ಬರ್ತಿದ್ದ ದೊಡ್ಡ ದಾರಿ ಅದೇ.

ಈಗ ಮೂರು ವರ್ಷಗಳನ್ನ ನೆನಪಿಟ್ಕೊಳ್ಳಿ. 1974ರಲ್ಲಿ ಆ ಬೆಟ್ಟ ವನ್ಯಜೀವಿ ಧಾಮ ಆಯ್ತು. ಬೇಟೆ ನಿಂತಿತು, ಕಾಡು ಸುಟ್ಟು ಬೇಸಾಯ ಮಾಡೋದು ನಿಂತಿತು, ಸೋಲಿಗರನ್ನ ಪೋಡುಗಳಲ್ಲಿ ಒಂದೇ ಕಡೆ ನೆಲೆ ನಿಲ್ಲಿಸಿದ್ರು. ಆದ್ರೂ ಕಾಯಿ, ಜೇನು ತರೋದು ನಡೀತಿತ್ತು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು. ಅದರ ನಂತರದ ವರ್ಷಗಳಲ್ಲಿ ಧಾಮದ ಒಳಗಿಂದ ಮಾರಾಟಕ್ಕೆ ಕಿರು ಅರಣ್ಯ ಉತ್ಪನ್ನ ತರೋದಕ್ಕೇ ತಡೆ ಬಿತ್ತು. ಮೂರನೇದು 2011. ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ. ಅದೇ ಅಕ್ಟೋಬರಿನಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ, 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ದೇಶದಲ್ಲೇ ಮೊದಲು ಪಡೆದವರು ನಮ್ಮ ಸೋಲಿಗರು. ಯಾರೋ ಕರೆದು ಕೊಟ್ಟಿದ್ದಲ್ಲ, ವರ್ಷಗಟ್ಟಲೆ ಅರ್ಜಿ ಹಾಕಿ, ತಮ್ಮ ದೇವರ ಜಾಗ, ಜೇನಿನ ಜಾಗ, ಹಳೇ ಪೋಡಿನ ಜಾಗಗಳನ್ನ ನಕ್ಷೆಯಲ್ಲಿ ಗುರುತಿಸಿ ಕೇಳಿ ಪಡೆದಿದ್ದು.

ನಡುವಿನ ಆ ವರ್ಷಗಳಲ್ಲಿ ಏನಾಯ್ತು ನೋಡಿ. ಕಾಡಿನ ಅಂಟುವಾಳಕ್ಕೆ ತಡೆ ಇತ್ತು, ಅಂಗಡಿಯ ಸ್ಯಾಶೆಗೆ ಯಾವ ತಡೆಯೂ ಇರಲಿಲ್ಲ. ಅಂಟುವಾಳ ತಂದು ಮಾರ್ತಿದ್ದ ಕುಟುಂಬಗಳೇ ಕೂಲಿಗೆ ಎಸ್ಟೇಟುಗಳ ಕಡೆ ಹೊರಟವು. ನಾವು ಮನೆಯಲ್ಲಿ ಸೋಪು ಬದಲಾಯಿಸಿದ್ದು ನಮ್ಮ ಆಯ್ಕೆ ಅಂದ್ಕೊಂಡಿದ್ದೀವಿ. ಅದರಲ್ಲಿ ಅರ್ಧ ಭಾಗ ಯಾವುದೋ ಕಚೇರಿಯ ಕಡತದಲ್ಲಿ ತೀರ್ಮಾನ ಆಗಿತ್ತು. ಕಾಡು ಉಳೀಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮರ ಕಡಿಯದೆ ಉದುರಿದ ಕಾಯಿ ಆರಿಸೋರನ್ನ ಹೊರಗಿಟ್ಟು, ಪೊಟ್ಟಣ ಎಸೆಯೋರನ್ನ ಸುಮ್ಮನೆ ಬಿಟ್ಟಿದ್ದು ಯಾವ ನ್ಯಾಯವೋ ನನಗೆ ಅರ್ಥ ಆಗಲ್ಲ.

ಕೈಚೀಲದ ಕಥೆಯೂ ಇದೇ ದಾರಿ ಹಿಡಿದಿದೆ. ನಂಜನಗೂಡಿಂದ ಚಾಮರಾಜನಗರದ ರೈಲಿನಲ್ಲಿ ಹೋಗುವಾಗ ಬದನವಾಳು ಅಂತ ಸ್ಟೇಷನ್ ಬರುತ್ತೆ. ಅಲ್ಲಿ ಒಂದು ಖಾದಿ ಕೇಂದ್ರ. ತಗಡೂರು ರಾಮಚಂದ್ರರಾಯರು ಈ ಭಾಗದಲ್ಲಿ ಖಾದಿ ಕಟ್ಟಿದ ಕಾಲದ್ದು, ಗಾಂಧಿ 1927ರಲ್ಲಿ ಬಂದು ನೋಡಿ ಹೋದದ್ದು. ಊರಿನ ದಲಿತ ಹೆಣ್ಣುಮಕ್ಕಳು ಅಲ್ಲಿ ನೂಲು ತೆಗೆದು ಕೂಲಿ ಕಂಡ್ರು. ಕಾಲಕ್ರಮೇಣ ಕಟ್ಟಡಗಳು ಪಾಳು ಬಿದ್ವು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅದೇ ಪಾಳು ಆವರಣದಲ್ಲಿ ಕೂತು ಬದನವಾಳು ಸತ್ಯಾಗ್ರಹ ಮಾಡಿದ್ರು. ಏಪ್ರಿಲಿನಲ್ಲಿ ಸುಸ್ಥಿರ ಬದುಕಿನ ಬಗ್ಗೆ ದೊಡ್ಡ ಸಮಾವೇಶ ನಡೀತು. ಬಟ್ಟೆ ಬ್ಯಾಗ್ ತಗೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಆ ಬಟ್ಟೆ ಯಾರು ನೇಯ್ದಿದ್ದು ಅಂತ ಕೇಳಿದ್ರೆ ಈ ಸ್ಟೇಷನ್ನಿನಲ್ಲಿ ಇಳೀಬೇಕಾಗುತ್ತೆ. ಇನ್ನೊಂದು ವಿಷಯ: ಮನೆಯಲ್ಲಿ ಈಗಾಗಲೇ ಹತ್ತು ಬಟ್ಟೆ ಚೀಲ ಇದ್ರೆ ಹನ್ನೊಂದನೇದು ಬೇಡ. ಹತ್ತಿ ಬೆಳೆಯೋಕೂ ನೀರು ಬೇಕು. ಹಳೇ ಪಂಚೆ ಹೊಲಿದ ಚೀಲಕ್ಕಿಂತ ಒಳ್ಳೇದು ಯಾವುದೂ ಇಲ್ಲ.

ಸರ್ಕಾರ ಏನೂ ಮಾಡಲಿಲ್ವಾ? ಮಾಡಿತು, ಮೈಕ್ರಾನ್ ಲೆಕ್ಕದಲ್ಲಿ. ಕೈಚೀಲ ಇಷ್ಟಕ್ಕಿಂತ ತೆಳ್ಳಗಿರಬಾರದು ಅಂತ 1999ರಲ್ಲಿ 20 ಮೈಕ್ರಾನ್, 2011ರಲ್ಲಿ 40, 2016ರಲ್ಲಿ 50, 2021ರಲ್ಲಿ 75, 2022ರ ಕೊನೆಗೆ 120. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕವರು ದಪ್ಪ ಆಗ್ತಾ ಬಂತು. ಕರ್ನಾಟಕ ಮಾತ್ರ 2016ರ ಮಾರ್ಚಿನಲ್ಲಿ ದಪ್ಪ ತೆಳು ನೋಡದೆ ಕೈಚೀಲವನ್ನೇ ನಿಷೇಧಿಸಿತು. ಆಮೇಲೆ 2022ರ ಜುಲೈ 1ರಿಂದ ದೇಶದಾದ್ಯಂತ ಸ್ಟ್ರಾ, ಚಮಚ, ತಟ್ಟೆ ನಿಷೇಧ. ಆ ಪಟ್ಟಿಯಲ್ಲಿ ಶಾಂಪೂ ಸ್ಯಾಶೆ ಇಲ್ಲ, ಗಮನಿಸಿ.

ಗುಂಡ್ಲುಪೇಟೆಗೆ ಈ ವಿಷಯ ಮನೆಯೊಳಗೇ ಮುಗಿಯಲ್ಲ. ಊರು ದಾಟಿದ್ರೆ ಬಂಡೀಪುರ. ಒಂದು ರಸ್ತೆ ಊಟಿಗೆ, ಇನ್ನೊಂದು ಮೂಲೆಹೊಳೆ ದಾಟಿ ವಯನಾಡಿಗೆ. ಟೂರಿಸ್ಟ್ ಕಾರಿಂದ ಎಸೆದ ಚಿಪ್ಸ್ ಪ್ಯಾಕೆಟ್ಟಿನಲ್ಲಿ ಉಪ್ಪಿನ ವಾಸನೆ ಇರುತ್ತೆ. ಜಿಂಕೆಗೆ, ಆನೆಗೆ ಉಪ್ಪು ಅಂದ್ರೆ ಆಸೆ. ಅದೇ ರಸ್ತೆಯಲ್ಲೇ ಇಲ್ಲಿನ ಟೊಮೆಟೊ, ಸಣ್ಣ ಈರುಳ್ಳಿ, ಕೋಸು ಕೇರಳಕ್ಕೆ ಹೋಗೋದು. ಪ್ರಾಣಿಗಳಿಗಾಗಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ತಡೆ ಇದೆ. ಆ ತಡೆ ಸರಿ ಅಂತಲೇ ನನ್ನ ಅಭಿಪ್ರಾಯ. ಆದ್ರೆ ತೆರಕಣಾಂಬಿ ಕಡೆಯ ರೈತನಿಗೆ, ಸಂಜೆ ಲೋಡ್ ಆಗಿ ಗೇಟು ತಪ್ಪಿದ ಟೊಮೆಟೊ ಅಂದ್ರೆ ಒಂದು ರಾತ್ರಿಯ ಬಾಡುವಿಕೆ. ರೇಟು ಬಿದ್ದ ದಿನ ಕೊಯ್ಲಿನ ಕೂಲಿಯೂ ಗಿಟ್ಟದೆ ಹಣ್ಣು ಹೊಲದಲ್ಲೇ ಕೊಳೆಯುತ್ತೆ. ಅದರ ಮುಂದೆ ನಮ್ಮ ಫ್ರಿಜ್ಜಿನ ಮೂಲೆಯಲ್ಲಿ ಕೊಳೆತ ಎರಡು ಹಣ್ಣು ಯಾವ ಲೆಕ್ಕ ಅನ್ನಿಸಬಹುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಕಸವಾಗುತ್ತೆ ಅನ್ನುತ್ತೆ. ದಿನಕ್ಕೆ ಸುಮಾರು 150 ಗ್ರಾಂ. ಸಿಪ್ಪೆ, ಮೂಳೆ ಎಲ್ಲಾ ಸೇರಿದ ಲೆಕ್ಕ ಅದು. ಬಾನಿ ಇದ್ದ ಮನೆಯಲ್ಲಿ ಇದು ಹಸುವಿನ ಪಾಲು. ಈಗ ಕವರಿನಲ್ಲಿ ಗಂಟು ಕಟ್ಟಿ ಗಾಡಿಗೆ ಹಾಕ್ತೀವಿ, ಗಾಳಿ ಇಲ್ಲದೆ ಕೊಳೆತು ಮೀಥೇನ್ ಆಗುತ್ತೆ. ಬೀದಿ ಹಸು ಆ ಗಂಟನ್ನ ಬಿಚ್ಚೋಕಾಗದೆ ಕವರ್ ಸಮೇತ ನುಂಗುತ್ತೆ.

ಹಾಗಾದ್ರೆ ಬಾಡಿಗೆ ಮನೆಯಲ್ಲಿ, ಹಸು ಇಲ್ಲದೆ, ಹಿತ್ತಲಿಲ್ಲದೆ ಏನು ಮಾಡಬಹುದು? ಹಸಿ ಕಸಕ್ಕೆ ಒಂದು ತೂತು ಕೊರೆದ ಹಳೇ ಬಕೆಟ್ಟು, ಒಂದು ಪದರ ಸಿಪ್ಪೆ, ಮೇಲೊಂದು ಪದರ ಒಣ ಎಲೆ. ವಾಸನೆ ಬಂದ್ರೆ ಒಣ ಎಲೆ ಸಾಲದು ಅಂತ ಅರ್ಥ. ಪಕ್ಕದಲ್ಲಿ ಯಾರಾದ್ರೂ ಹಸು ಸಾಕಿದ್ರೆ ಬಕೆಟ್ಟೂ ಬೇಡ, ಕೇಳಿ ಸಿಪ್ಪೆ ಕೊಟ್ಟುಬಿಡಿ. ಸೊಪ್ಪು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ರೆ ಕವರಿನಲ್ಲಿ ಬೆವರಿ ಕೊಳೆಯೋದಕ್ಕಿಂತ ಜಾಸ್ತಿ ದಿನ ಬರುತ್ತೆ. ಪಾತ್ರೆ ಉಜ್ಜೋಕೆ ಒಣಗಿದ ತುಪ್ಪೀರೆಕಾಯಿ ನಾರು, ಇಲ್ಲಾ ತೆಂಗಿನ ನಾರು.

ಅಂಟುವಾಳ ಹೀಗೆ: ಬೀಜ ತೆಗೆದ ಹತ್ತು ಹದಿನೈದು ಕಾಯಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಕಿವುಚಿ ಸೋಸಿ. ನೊರೆ ಕಮ್ಮಿ ಬರುತ್ತೆ, ಗಾಬರಿ ಬೇಡ. ಎಣ್ಣೆ ಜಿಡ್ಡಿನ ಬಾಣಲೆಗೆ ಇದೊಂದೇ ಸಾಲದು, ಮೊದಲು ಸ್ವಲ್ಪ ಬೂದಿಯಲ್ಲೋ ಕಡಲೆಹಿಟ್ಟಿನಲ್ಲೋ ಒರೆಸಿಕೊಳ್ಳಿ. ಎರಡು ಮೂರು ದಿನಕ್ಕೆ ಹುಳಿ ವಾಸನೆ ಬರುತ್ತೆ, ಅಷ್ಟಷ್ಟೇ ಮಾಡ್ಕೊಳ್ಳಿ. ಕೆರೆಯಲ್ಲಿ ಮಾತ್ರ ತೊಳೀಬೇಡಿ, ಇದರ ನೊರೆಯ ಅಂಶ ಮೀನಿಗೆ ವಿಷ. ಕೊಳ್ಳುವಾಗ ಎಲ್ಲಿಂದ ಬಂದಿದ್ದು ಅಂತ ಅಂಗಡಿಯವರನ್ನ ಒಂದು ಮಾತು ಕೇಳಿ. ಬೆಟ್ಟದ ಸೋಲಿಗರ ಸಂಘದ್ದು ಸಿಕ್ರೆ ಅದನ್ನೇ ತಗೊಳ್ಳಿ.

ನಿಮ್ಮೂರಲ್ಲಿ ಕಲಗಚ್ಚಿಗೆ ಬೇರೆ ಹೆಸರಿದೆಯಾ? ಮುಸುರೆ ಅಂತಾರಾ, ಇನ್ನೇನಾದ್ರೂ ಅಂತಾರಾ? ಮನೆಯಲ್ಲಿ ಹಿರಿಯರಿದ್ರೆ ಕೇಳಿ, ಅವರ ಬಾಯಲ್ಲೇ ಒಂದು ವಾಯ್ಸ್ ನೋಟ್ ಮಾಡಿ ಕಳಿಸಿ. ಹಗೇವಿಗೆ ಇಳಿದವರು ಯಾರಾದ್ರೂ ಸಿಕ್ರೆ ಇನ್ನೂ ಒಳ್ಳೇದು, ಅವರ ಹತ್ರ ಜಾಸ್ತಿ ಹೊತ್ತು ಕೂತ್ಕೊಳ್ಳಿ.