4,204 ವಿಕೆಟ್ ಪಡೆದರೂ ನಾಯಕನಾಗಲಿಲ್ಲ: ವಿಲ್ಫ್ರೆಡ್ ರೋಡ್ಸ್ ಎಂಬ ಕ್ರಿಕೆಟ್ ಕಾರ್ಮಿಕ

ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರು ಯಾರು? ವಾರ್ನ್ ಅಲ್ಲ, ಮುರಳೀಧರನ್ ಅಲ್ಲ, ನಮ್ಮ ಕುಂಬ್ಳೆಯೂ ಅಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರ್ ಕೌಂಟಿಗೆ ಆಡಿದ ವಿಲ್ಫ್ರೆಡ್ ರೋಡ್ಸ್. 1898ರಿಂದ 1930ರವರೆಗೆ 1,100ಕ್ಕೂ ಹೆಚ್ಚು ಪಂದ್ಯ, 4,204 ವಿಕೆಟ್, ಜೊತೆಗೆ ಸುಮಾರು 40 ಸಾವಿರ ರನ್. ಪಂದ್ಯಗಳ ಸಂಖ್ಯೆಯಲ್ಲೂ ವಿಕೆಟ್‌ಗಳ ಸಂಖ್ಯೆಯಲ್ಲೂ ಇವರ ಹತ್ತಿರಕ್ಕೆ ಇನ್ನು ಯಾರೂ ಬರುವ ಸಾಧ್ಯತೆ ಇಲ್ಲ. ಈಗ ಅಷ್ಟೊಂದು ಪ್ರಥಮ ದರ್ಜೆ ಪಂದ್ಯಗಳನ್ನು ಯಾರೂ ಆಡೋದೇ ಇಲ್ಲ.

ಇಷ್ಟೆಲ್ಲ ಇದ್ದರೂ ರೋಡ್ಸ್ ಒಮ್ಮೆಯೂ ಯಾರ್ಕ್‌ಶೈರ್ ತಂಡದ ಅಧಿಕೃತ ನಾಯಕರಾಗಲಿಲ್ಲ. ಇಂಗ್ಲೆಂಡ್ ನಾಯಕತ್ವದ ಮಾತಂತೂ ದೂರ. ಕಾರಣ ಆಟದಲ್ಲಿ ಇರಲಿಲ್ಲ. ಅವರು ಆಟಕ್ಕೆ ಕೂಲಿ ಪಡೆಯುತ್ತಿದ್ದರು, ಅಷ್ಟೇ. ಕ್ರಿಕೆಟ್ ಪುಸ್ತಕಗಳು ರೋಡ್ಸ್ ಅವರನ್ನು ದಾಖಲೆಗಳ ಸರದಾರ ಎಂದು ಓದಿಸುತ್ತವೆ. ಅದೇ ಅಂಕಿಗಳನ್ನು ಒಬ್ಬ ನೌಕರನ 32 ವರ್ಷಗಳ ಹಾಜರಿ ಪುಸ್ತಕದಂತೆ ಓದಿದರೆ, ದುಡಿಮೆ ಒಬ್ಬರದು, ತೀರ್ಮಾನ ಮತ್ತೊಬ್ಬರದು ಎನ್ನುವ ವ್ಯವಸ್ಥೆ ಹೇಗೆ ನಡೆಯುತ್ತಿತ್ತು ಅನ್ನೋದು ಕಾಣುತ್ತದೆ.

ಒಂದು ನೋಟದಲ್ಲಿ

- ಹುಟ್ಟು: 29 ಅಕ್ಟೋಬರ್ 1877, ಹಡರ್ಸ್‌ಫೀಲ್ಡ್ ಬಳಿಯ ಕರ್ಕ್‌ಹೀಟನ್
- ಕೌಂಟಿ: ಯಾರ್ಕ್‌ಶೈರ್ (1898–1930)
- ಶೈಲಿ: ಎಡಗೈ ನಿಧಾನಗತಿ ಸ್ಪಿನ್, ಬಲಗೈ ಬ್ಯಾಟಿಂಗ್
- ಟೆಸ್ಟ್: 58 ಪಂದ್ಯ, 2,325 ರನ್, 127 ವಿಕೆಟ್
- ಒಂದೇ ಋತುವಿನಲ್ಲಿ 1,000 ರನ್ ಮತ್ತು 100 ವಿಕೆಟ್: 16 ಬಾರಿ (ದಾಖಲೆ)
- ಒಂದೇ ಋತುವಿನಲ್ಲಿ 100 ವಿಕೆಟ್: 23 ಬಾರಿ (ದಾಖಲೆ)
- ಸಾವು: 8 ಜುಲೈ 1973, 95ನೇ ವಯಸ್ಸಿನಲ್ಲಿ

ಶೆಡ್ಡಿನ ಗಂಟೆಯಿಂದ ಲಾರ್ಡ್ಸ್‌ವರೆಗೆ

ಹಡರ್ಸ್‌ಫೀಲ್ಡ್ ಉಣ್ಣೆ ಗಿರಣಿಗಳ ಊರು. ಅಲ್ಲಿನ ಹುಡುಗರಿಗೆ ಕ್ರಿಕೆಟ್ ಅಂದ್ರೆ ಶನಿವಾರ ಮಧ್ಯಾಹ್ನದ ಆಟ, ಜೊತೆಗೆ ಗಿರಣಿಯಿಂದ ಹೊರಬರಲು ಇದ್ದ ಕೆಲವೇ ದಾರಿಗಳಲ್ಲಿ ಒಂದು. ರೋಡ್ಸ್ ಹುಡುಗನಾಗಿದ್ದಾಗ ಮಿರ್‌ಫೀಲ್ಡ್‌ನ ರೈಲ್ವೆ ಇಂಜಿನ್ ಶೆಡ್‌ನಲ್ಲಿ ಕೆಲಸಕ್ಕಿದ್ದರು. ಶನಿವಾರದ ಪಂದ್ಯಕ್ಕೆ ತಡವಾಗುತ್ತದೆಂದು ಪಾಳಿ ಮುಗಿಯುವ ಗಂಟೆಯನ್ನು ಹೊತ್ತಿಗೆ ಮೊದಲೇ ಬಾರಿಸಿಬಿಟ್ಟರು. ಆ ಕೆಲಸ ಹೋಯಿತು. ಆಮೇಲೆ ಹೊಲದ ಕೆಲಸ, ನಂತರ ಸ್ಕಾಟ್ಲೆಂಡಿನ ಗಾಲಾಶೀಲ್ಸ್‌ನ ಕ್ಲಬ್‌ನಲ್ಲಿ ಎರಡು ವರ್ಷ ವೃತ್ತಿಪರ ಆಟಗಾರ. ವಾರ್ವಿಕ್‌ಶೈರ್ ಕೌಂಟಿಯಲ್ಲಿ ಕೆಲಸ ಕೇಳಿದರೆ, ಹಣ ಇಲ್ಲವೆಂದು ಅವರು ಸೇರಿಸಿಕೊಳ್ಳಲಿಲ್ಲ.

ಯಾರ್ಕ್‌ಶೈರ್‌ನಲ್ಲಿ ಜಾಗ ಖಾಲಿಯಾದ ಕಥೆಯೂ ಒಂದು ಕೆಲಸದಿಂದ ವಜಾ ಆದ ಕಥೆಯೇ. 1897ರಲ್ಲಿ ತಂಡದ ಎಡಗೈ ಸ್ಪಿನ್ನರ್ ಬಾಬಿ ಪೀಲ್ ಕುಡಿದು ಮೈದಾನಕ್ಕೆ ಬಂದರೆಂದು ನಾಯಕ ಲಾರ್ಡ್ ಹಾಕ್ ಅವರನ್ನು ಹೊರಹಾಕಿದರು. ಮರುವರ್ಷ ಆ ಜಾಗಕ್ಕೆ ಬಂದ 20 ವರ್ಷದ ರೋಡ್ಸ್ ಮೊದಲ ಋತುವಿನಲ್ಲೇ 154 ವಿಕೆಟ್ ಪಡೆದರು. 1900, 1901, 1902ರಲ್ಲಿ ಕ್ರಮವಾಗಿ 261, 251, 213. ವಾರಕ್ಕೆ ಆರು ದಿನ ಆಟ, ಭಾನುವಾರ ಮಾತ್ರ ಬಿಡುವು, ಪಂದ್ಯ ಮುಗಿದ ಸಂಜೆ ರೈಲು ಹತ್ತಿ ಮುಂದಿನ ಊರು. ಈ ಅಂಕಿಗಳ ಹಿಂದೆ ಇರುವ ದಿನಚರಿ ಅದು.

‘ಜಂಟಲ್‌ಮನ್’ ಯಾರು, ‘ಪ್ಲೇಯರ್’ ಯಾರು?

ಆ ಕಾಲದ ಇಂಗ್ಲಿಷ್ ಕ್ರಿಕೆಟ್‌ನಲ್ಲಿ ಎರಡು ಬಗೆಯ ಆಟಗಾರರಿದ್ದರು. ಸಂಬಳ ಇಲ್ಲದೆ ಆಡುವ ಹವ್ಯಾಸಿಗಳು ‘ಜಂಟಲ್‌ಮನ್’ಗಳು. ಸಂಬಳಕ್ಕೆ ಆಡುವ ವೃತ್ತಿಪರರು ಬರೀ ‘ಪ್ಲೇಯರ್’ಗಳು. ಒಂದೇ ತಂಡಕ್ಕೆ ಆಡಿದರೂ ಬಟ್ಟೆ ಬದಲಿಸುವ ಕೋಣೆ ಬೇರೆ. ಲಾರ್ಡ್ಸ್‌ನಲ್ಲಿ ಮೈದಾನಕ್ಕೆ ಇಳಿಯುವ ಗೇಟೂ ಬೇರೆ. ಸ್ಕೋರ್ ಕಾರ್ಡಿನಲ್ಲಿ ಹವ್ಯಾಸಿಯ ಇನಿಷಿಯಲ್ ಹೆಸರಿನ ಮೊದಲು, ವೃತ್ತಿಪರನದು ಹೆಸರಿನ ನಂತರ. ಇದು ಹಳೇ ಕಾಲದ ಮಾತು ಅಂದುಕೊಳ್ಳಬೇಡಿ. 1950ರಲ್ಲಿ ಕೂಡ ಲಾರ್ಡ್ಸ್ ಮೈದಾನದ ಧ್ವನಿವರ್ಧಕದಲ್ಲಿ, ಯುವ ವೃತ್ತಿಪರ ಫ್ರೆಡ್ ಟಿಟ್ಮಸ್ ಅವರ ಇನಿಷಿಯಲ್ ತಪ್ಪಾಗಿ ಹೆಸರಿನ ಮೊದಲು ಅಚ್ಚಾಗಿದೆ, ಅದನ್ನು ಹೆಸರಿನ ನಂತರ ಓದಿಕೊಳ್ಳಿ ಎಂದು ತಿದ್ದುಪಡಿ ಪ್ರಕಟಿಸಲಾಯಿತು!

ಹವ್ಯಾಸಿಗಳು ನಿಜಕ್ಕೂ ದುಡ್ಡು ಮುಟ್ಟುತ್ತಿರಲಿಲ್ಲವೇ? ಡಬ್ಲ್ಯು.ಜಿ. ಗ್ರೇಸ್ ದಾಖಲೆಯ ಪ್ರಕಾರ ಹವ್ಯಾಸಿ. 1891–92ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಅವರು ಪಡೆದದ್ದು 3,000 ಪೌಂಡ್, ಅದರ ಮೇಲೆ ಖರ್ಚುವೆಚ್ಚ. 1896ರಲ್ಲಿ ಐವರು ವೃತ್ತಿಪರರು ಓವಲ್ ಟೆಸ್ಟ್‌ಗೆ 10 ಪೌಂಡ್ ಸಾಲದು, 20 ಕೊಡಿ ಎಂದು ಪಟ್ಟು ಹಿಡಿದಾಗ ಆಡಳಿತ ಮಣಿಯಲಿಲ್ಲ. ಮೂವರು ಹಿಂದೆ ಸರಿದರು. ಜಾರ್ಜ್ ಲೋಮನ್ ಮತ್ತು ವಿಲಿಯಂ ಗನ್ ಆ ಪಂದ್ಯ ಆಡಲಿಲ್ಲ. ರೋಡ್ಸ್ 1899ರಲ್ಲಿ ಟೆಸ್ಟ್‌ಗೆ ಬರುವ ಹೊತ್ತಿಗೆ ಸಂಭಾವನೆ 20 ಪೌಂಡ್ ಆಗಿತ್ತು. ಸೋತ ಮುಷ್ಕರದ ಫಲವೂ ಮುಂದಿನವರಿಗೆ ಸಿಗುತ್ತದೆ ಅನ್ನೋದಕ್ಕೆ ಇದೊಂದು ಉದಾಹರಣೆ.

ಬೆನಿಫಿಟ್ ಪಂದ್ಯ: ಹಕ್ಕಲ್ಲ, ಕೃಪೆ

ವೃತ್ತಿಪರರಿಗೆ ಪಿಂಚಣಿ ಇರಲಿಲ್ಲ. ಬದಲಿಗೆ ಬಹಳ ವರ್ಷ ದುಡಿದವರಿಗೆ ಕೌಂಟಿ ಒಂದು ‘ಬೆನಿಫಿಟ್’ ಪಂದ್ಯ ಕೊಡುತ್ತಿತ್ತು. ಆ ಪಂದ್ಯದ ಗೇಟ್ ಹಣ ಮತ್ತು ಅಭಿಮಾನಿಗಳ ಚಂದಾ ಆಟಗಾರನಿಗೆ. ಆದರೆ ಕೊಡಬೇಕೋ ಬೇಡವೋ, ಯಾವಾಗ ಕೊಡಬೇಕು ಅನ್ನೋದು ಕೌಂಟಿ ಸಮಿತಿಯ ಇಚ್ಛೆ. ಮಳೆ ಬಂದರೆ ಅದೂ ಕೊಚ್ಚಿಹೋಯಿತು.

ರೋಡ್ಸ್ ಅವರ ಸಮಕಾಲೀನ ಆಲ್‌ರೌಂಡರ್, ಮಿಡ್ಲ್‌ಸೆಕ್ಸ್‌ನ ಆಲ್ಬರ್ಟ್ ಟ್ರಾಟ್ ಅವರ ಪ್ರಸಂಗ ನೋಡಿ. 1907ರಲ್ಲಿ ತಮ್ಮದೇ ಬೆನಿಫಿಟ್ ಪಂದ್ಯದ ಒಂದೇ ಇನಿಂಗ್ಸ್‌ನಲ್ಲಿ ಸತತ ನಾಲ್ಕು ಎಸೆತಗಳಿಗೆ ನಾಲ್ಕು ವಿಕೆಟ್ ತೆಗೆದು, ಸಾಲದೆಂಬಂತೆ ಮತ್ತೊಂದು ಹ್ಯಾಟ್ರಿಕ್ ಪಡೆದರು. ಪಂದ್ಯ ಬೇಗ ಮುಗಿಯಿತು, ಮುಂದೆ ಬರಬಹುದಾಗಿದ್ದ ಟಿಕೆಟ್ ಹಣವೂ ನಿಂತಿತು. ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ತನ್ನ ಮುಪ್ಪಿನ ಗಂಟಿಗೇ ಕತ್ತರಿ. ಏಳು ವರ್ಷಗಳ ನಂತರ ಕಾಯಿಲೆ, ಬಡತನದ ನಡುವೆ ಟ್ರಾಟ್ ಆತ್ಮಹತ್ಯೆ ಮಾಡಿಕೊಂಡರು.

ಈ ಹಣದ ಸ್ವರೂಪ ಏನೆಂಬ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. ಕೆಂಟ್ ಕೌಂಟಿಯ ಜೇಮ್ಸ್ ಸೀಮೋರ್ ಪ್ರಕರಣದಲ್ಲಿ 1927ರಲ್ಲಿ ಹೌಸ್ ಆಫ್ ಲಾರ್ಡ್ಸ್, ಬೆನಿಫಿಟ್ ಹಣ ವೈಯಕ್ತಿಕ ಕೊಡುಗೆ, ಸಂಬಳ ಅಲ್ಲ, ಹಾಗಾಗಿ ಅದಕ್ಕೆ ಆದಾಯ ತೆರಿಗೆ ಇಲ್ಲ ಎಂದು ತೀರ್ಪು ಕೊಟ್ಟಿತು. ಆಟಗಾರರ ಜೇಬಿಗೆ ಒಳ್ಳೆಯದೇ ಆಯಿತು. ಆದರೆ ಆ ತೀರ್ಪಿನ ತಿರುಳನ್ನು ಗಮನಿಸಿ. ದಶಕಗಳ ದುಡಿಮೆಯ ಕೊನೆಗೆ ಸಿಗುವ ಹಣ ದುಡಿಮೆಯ ಫಲ ಅಲ್ಲ, ಮೆಚ್ಚಿದವರು ಕೊಟ್ಟ ಉಡುಗೊರೆ!

ಲಾರ್ಡ್ ಹಾಕ್ ಅವರನ್ನು ಬರೀ ಖಳನಾಯಕ ಮಾಡುವುದು ಸುಲಭ, ಆದರೆ ಸರಿಯಲ್ಲ. ವೃತ್ತಿಪರರಿಗೆ ಚಳಿಗಾಲದಲ್ಲೂ ವೇತನ ಸಿಗುವಂತೆ ಮಾಡಿದವರು ಅವರೇ. ಬೆನಿಫಿಟ್ ಹಣದ ದೊಡ್ಡ ಪಾಲನ್ನು ಕೌಂಟಿಯೇ ಆಟಗಾರನ ಹೆಸರಲ್ಲಿ ಹೂಡಿಕೆ ಮಾಡಿ ಇಡುವ ಪದ್ಧತಿ ತಂದವರೂ ಅವರೇ. ಇದು ಹಳೆಯ ಜಮೀನ್ದಾರಿ ಕಾಳಜಿ. ಆಳುಗಳು ಹಸಿದಿರಬಾರದು, ಆದರೆ ಅವರ ಹಣವನ್ನು ಅವರೇ ನೋಡಿಕೊಳ್ಳುತ್ತಾರೆಂಬ ನಂಬಿಕೆಯೂ ಇಲ್ಲ.

ಬೇಕಾದ ಕೆಲಸಕ್ಕೆ ಬೇಕಾದ ಹಾಗೆ

ರೋಡ್ಸ್ ಇಷ್ಟು ವರ್ಷ ಉಳಿದದ್ದು ಹೇಗೆ? ತಂಡಕ್ಕೆ ಯಾವ ಕೆಲಸ ಬೇಕೋ ಅದನ್ನು ಕಲಿತುಕೊಂಡು. 1902ರಲ್ಲಿ ಎಜ್‌ಬಾಸ್ಟನ್‌ನಲ್ಲಿ 17 ರನ್‌ಗೆ 7 ವಿಕೆಟ್ ಕಿತ್ತು ಆಸ್ಟ್ರೇಲಿಯಾವನ್ನು 36ಕ್ಕೆ ಮುಗಿಸಿದರು. 1904ರಲ್ಲಿ ಮೆಲ್ಬರ್ನ್‌ನಲ್ಲಿ ಒಂದೇ ಪಂದ್ಯದಲ್ಲಿ 15 ವಿಕೆಟ್. ಆ ಪ್ರವಾಸದಲ್ಲಿ ಹನ್ನೊಂದನೇ ಕ್ರಮಾಂಕದಲ್ಲಿ ಬ್ಯಾಟ್ ಹಿಡಿದು ಬರುತ್ತಿದ್ದ ಇವರು, 1912ರಲ್ಲಿ ಅದೇ ಮೆಲ್ಬರ್ನ್‌ನಲ್ಲಿ ಜಾಕ್ ಹಾಬ್ಸ್ ಜೊತೆ ಇನಿಂಗ್ಸ್ ಆರಂಭಿಸಿ ಮೊದಲ ವಿಕೆಟ್‌ಗೆ 323 ರನ್ ಸೇರಿಸಿದರು.

ಮೊದಲ ಮಹಾಯುದ್ಧದಲ್ಲಿ ರೋಡ್ಸ್ ಮದ್ದುಗುಂಡು ಕಾರ್ಖಾನೆಯಲ್ಲಿ ದುಡಿದರು. ಯಾರ್ಕ್‌ಶೈರ್‌ನ ಮುಖ್ಯ ಬೌಲರ್ ಮೇಜರ್ ಬೂತ್ (‘ಮೇಜರ್’ ಇಲ್ಲಿ ಹುದ್ದೆಯಲ್ಲ, ಹೆಸರು) 1916ರ ಜುಲೈ 1ರಂದು ಸೋಮ್ ಕದನದಲ್ಲಿ ಸತ್ತರು. ಅಲೋಂಜೊ ಡ್ರೇಕ್ 1919ರ ಆರಂಭದಲ್ಲಿ ತೀರಿಕೊಂಡರು. ಬೌಲರ್‌ಗಳೇ ಇಲ್ಲ. ಆಗ 41 ವರ್ಷದ ರೋಡ್ಸ್ ಮತ್ತೆ ಚೆಂಡು ಕೈಗೆತ್ತಿಕೊಂಡು, 1919ರಲ್ಲಿ ಇಡೀ ಇಂಗ್ಲೆಂಡಿನ ಬೌಲಿಂಗ್ ಸರಾಸರಿ ಪಟ್ಟಿಯಲ್ಲಿ ಮೊದಲಿಗರಾದರು.

ನಾಯಕರು ಬಂದರು, ಹೋದರು

1919ರಿಂದ 1930ರ ನಡುವೆ ಯಾರ್ಕ್‌ಶೈರ್‌ಗೆ ಐವರು ನಾಯಕರು. ಐವರೂ ಹವ್ಯಾಸಿಗಳೇ. 1925ರಲ್ಲಿ ನೇಮಕವಾದ ಮೇಜರ್ ಆರ್ಥರ್ ಲಪ್ಟನ್ (ಇವರದು ನಿಜವಾದ ಮೇಜರ್ ಹುದ್ದೆ) ಅವರಿಗೆ 46 ವರ್ಷ. ಅದಕ್ಕೆ ಮುಂಚೆ ಅವರು ಕೌಂಟಿಗೆ ಆಡಿದ್ದು 1908ರ ಒಂದೇ ಪಂದ್ಯ. ಮೈದಾನದಲ್ಲಿ ತಂಡ ನಡೆಸುತ್ತಿದ್ದವರು ರೋಡ್ಸ್ ಎನ್ನುವುದು ಆಗ ಎಲ್ಲರಿಗೂ ಗೊತ್ತಿದ್ದ ಗುಟ್ಟು. ಅದೇ ವರ್ಷ, ಹಾಬ್ಸ್ ಇಂಗ್ಲೆಂಡ್ ನಾಯಕರಾಗಲಿ ಎಂಬ ಮಾತು ಬಂದಾಗ, ವೃತ್ತಿಪರನೊಬ್ಬ ಇಂಗ್ಲೆಂಡ್ ನಾಯಕನಾಗುವ ದಿನ ಬಾರದಿರಲಿ ಎಂದು ಲಾರ್ಡ್ ಹಾಕ್ ಬಹಿರಂಗವಾಗಿ ಪ್ರಾರ್ಥಿಸಿದರು.

1926ರಲ್ಲಿ ಆಡಳಿತ ಒಂದು ಹೆಜ್ಜೆ ಮುಂದಿಟ್ಟಿತು. ಹಾಬ್ಸ್ ಮತ್ತು ರೋಡ್ಸ್ ಅವರನ್ನು ಟೆಸ್ಟ್ ಆಯ್ಕೆ ಸಮಿತಿಗೆ ಸೇರಿಸಿಕೊಂಡರು. ಓವಲ್‌ನ ನಿರ್ಣಾಯಕ ಟೆಸ್ಟ್‌ಗೆ 48ರ ರೋಡ್ಸ್ ಅವರನ್ನೇ ವಾಪಸ್ ಕರೆಸಲಾಯಿತು. ಎರಡನೇ ಇನಿಂಗ್ಸ್‌ನಲ್ಲಿ 44 ರನ್‌ಗೆ 4 ವಿಕೆಟ್. ಆಸ್ಟ್ರೇಲಿಯಾ 125ಕ್ಕೆ ಆಲೌಟ್, ಆಷಸ್ ಇಂಗ್ಲೆಂಡಿಗೆ. ಆ ಪಂದ್ಯಕ್ಕೆ ಹೊಸ ನಾಯಕ ಕೇಂಬ್ರಿಡ್ಜ್‌ನಲ್ಲಿ ಓದಿದ ಪರ್ಸಿ ಚಾಪ್‌ಮನ್, ವಯಸ್ಸು 25. ರೋಡ್ಸ್ ಮೊದಲ ಟೆಸ್ಟ್ ಆಡಿದಾಗ ಚಾಪ್‌ಮನ್ ಇನ್ನೂ ಹುಟ್ಟಿರಲಿಲ್ಲ.

1927ರ ಕೊನೆಗೆ ಯಾರ್ಕ್‌ಶೈರ್ ಸಮಿತಿ ವೃತ್ತಿಪರನೊಬ್ಬನನ್ನು ನಾಯಕನನ್ನಾಗಿ ಮಾಡಲು ಮನಸ್ಸು ಮಾಡಿತು. ಆದರೆ ಹೆಸರಿಸಿದ್ದು ತಂಡದ ಹಿರಿಯ ರೋಡ್ಸ್ ಅವರನ್ನಲ್ಲ, ಕಿರಿಯ ಹರ್ಬರ್ಟ್ ಸಟ್‌ಕ್ಲಿಫ್ ಅವರನ್ನು. ರೋಡ್ಸ್ ಅವರನ್ನು ಒಂದು ಮಾತೂ ಕೇಳಲಿಲ್ಲ, ಅದು ಅವರಿಗೆ ನೋವು ತಂದಿತು. ಗದ್ದಲವಾಗಿ ಸಟ್‌ಕ್ಲಿಫ್ ಹಿಂದೆ ಸರಿದರು. ಕುರ್ಚಿ ಮತ್ತೆ ಹವ್ಯಾಸಿಗೇ ಹೋಯಿತು.

ಧಾರವಾಡದಲ್ಲಿ ಹುಟ್ಟಿದ ಇನ್ನೊಬ್ಬ ಎಡಗೈ ಸ್ಪಿನ್ನರ್

ಭಾರತದ ಓದುಗರಿಗೆ ಇಲ್ಲಿ ಪಲ್ವಂಕರ್ ಬಾಳೂ ನೆನಪಾಗದೆ ಇರಲು ಸಾಧ್ಯವಿಲ್ಲ. ರೋಡ್ಸ್‌ಗಿಂತ ಒಂದು ವರ್ಷ ಮೊದಲು, 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ದಲಿತ, ಅದೇ ಬಗೆಯ ಎಡಗೈ ಸ್ಪಿನ್ನರ್. ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್‌ನಲ್ಲಿ ಮೈದಾನದ ಕೆಲಸಕ್ಕಿದ್ದು, ನೆಟ್ಸ್‌ನಲ್ಲಿ ದೊರೆಗಳಿಗೆ ಚೆಂಡೆಸೆದು ಬೌಲರ್ ಆದವರು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. ತಮ್ಮಂದಿರಾದ ವಿಠ್ಠಲ್ ಮತ್ತು ಶಿವರಾಮ್ 1920ರಲ್ಲಿ ಪ್ರತಿಭಟಿಸಿ ತಂಡದಿಂದ ಹೊರನಡೆದ ಮೇಲೆ, 1923ರಲ್ಲಿ ವಿಠ್ಠಲ್ ನಾಯಕರಾದರು.

ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ರೋಡ್ಸ್ ಅವರಿಗೆ ಬೇರೆ ಕೋಣೆ ಕೊಟ್ಟರು. ಬಾಳೂ ಅವರಿಗೆ ಸಹ ಆಟಗಾರರೇ ಚಹಾವನ್ನು ಬೇರೆ ಲೋಟದಲ್ಲಿ, ಪೆವಿಲಿಯನ್ ಹೊರಗೆ ಕೊಟ್ಟರು. ವರ್ಗದ ಅವಮಾನ ಬೇರೆ, ಅಸ್ಪೃಶ್ಯತೆ ಬೇರೆ. ಆದರೆ ‘ಬೌಲಿಂಗ್ ನಿನ್ನದು, ನಾಯಕತ್ವ ನಮ್ಮದು’ ಎಂಬ ತರ್ಕ ಎರಡೂ ಕಡೆ ಒಂದೇ.

ಗೋಡೆ ಬಿದ್ದದ್ದು ಯಾವಾಗ?

ರೋಡ್ಸ್ ಕೊನೆಯ ಟೆಸ್ಟ್ ಆಡಿದ್ದು 1930ರ ಏಪ್ರಿಲ್‌ನಲ್ಲಿ, ಜಮೈಕಾದಲ್ಲಿ. ಆಗ ಅವರಿಗೆ 52 ವರ್ಷ 165 ದಿನ. ಅವರಿಗಿಂತ ಹೆಚ್ಚು ವಯಸ್ಸಿನಲ್ಲಿ ಟೆಸ್ಟ್ ಆಡಿದವರು ಇನ್ನೂ ಇಲ್ಲ. ನಿವೃತ್ತಿಯ ನಂತರ ಹ್ಯಾರೋ ಶಾಲೆಯಲ್ಲಿ, ಅಂದ್ರೆ ಮುಂದಿನ ಹವ್ಯಾಸಿಗಳು ತಯಾರಾಗುವ ಜಾಗದಲ್ಲೇ ತರಬೇತುದಾರರಾದರು.

ಅಧಿಕೃತವಾಗಿ ಇಂಗ್ಲೆಂಡ್ ನಾಯಕನಾಗಿ ನೇಮಕವಾದ 20ನೇ ಶತಮಾನದ ಮೊದಲ ವೃತ್ತಿಪರ ಲೆನ್ ಹಟನ್. ವರ್ಷ 1952, ಎದುರಾಳಿ ಭಾರತ. ಆ ಹಟನ್‌ಗೂ ಯಾರ್ಕ್‌ಶೈರ್ ನಾಯಕತ್ವ ಕೊಡಲಿಲ್ಲ. 1960ರಲ್ಲಿ ವಿಕ್ ವಿಲ್ಸನ್ ಬರುವವರೆಗೂ ಕೌಂಟಿ ಹಠ ಬಿಡಲಿಲ್ಲ. 1962ರ ನವೆಂಬರ್‌ನಲ್ಲಿ ಹವ್ಯಾಸಿ–ವೃತ್ತಿಪರ ಭೇದ ರದ್ದಾಯಿತು. 1967ರಲ್ಲಿ ಕೌಂಟಿ ಆಟಗಾರರು ತಮ್ಮದೇ ಸಂಘ ಕಟ್ಟಿದರು.

ರೋಡ್ಸ್ ಬಂಡಾಯಗಾರರಲ್ಲ. ಸಂಘ ಕಟ್ಟಲಿಲ್ಲ, ಭಾಷಣ ಮಾಡಲಿಲ್ಲ. ಮಿತಭಾಷಿ, ಲೆಕ್ಕಾಚಾರದ ಮನುಷ್ಯ. ಹಾಗಂತ ಅವರು ಒಪ್ಪಿಕೊಂಡಿದ್ದರು, ಹಾಗಾಗಿ ಅನ್ಯಾಯ ಇರಲಿಲ್ಲ ಎನ್ನುವಂತಿಲ್ಲ. ಶೆಡ್ಡಿನ ಗಂಟೆ ಬಾರಿಸಿ ಒಮ್ಮೆ ಕೆಲಸ ಕಳೆದುಕೊಂಡಿದ್ದವರಿಗೆ ಮೌನದ ಬೆಲೆ ಗೊತ್ತಿರುತ್ತದೆ.

ಎಂಸಿಸಿ ಕ್ಲಬ್ 1949ರಲ್ಲಿ 26 ಮಾಜಿ ವೃತ್ತಿಪರರಿಗೆ ಗೌರವ ಸದಸ್ಯತ್ವ ಕೊಟ್ಟಿತು. ಅವರಲ್ಲಿ ರೋಡ್ಸ್ ಕೂಡ ಒಬ್ಬರು. ಆಗ ಅವರಿಗೆ 71. ಕೆಲವೇ ವರ್ಷಗಳಲ್ಲಿ ಕಣ್ಣು ಪೂರ್ತಿ ಹೋಯಿತು. ಆಮೇಲೂ ಮೈದಾನಕ್ಕೆ ಬಂದು ಕೂತು, ಬ್ಯಾಟಿಗೆ ಚೆಂಡು ತಾಗುವ ಸದ್ದಿನಿಂದಲೇ ಆಟ ಹಿಂಬಾಲಿಸುತ್ತಿದ್ದರು. ಆಟ ಅವರಿಗೆ ಅಷ್ಟು ಗೊತ್ತಿತ್ತು. ಆ ತಿಳಿವಳಿಕೆಯನ್ನು ಯಾರ್ಕ್‌ಶೈರ್ 32 ವರ್ಷ ದಿನದಿನವೂ ಬಳಸಿಕೊಂಡಿತು. ಅಧಿಕಾರ ಮಾತ್ರ ಒಂದು ಋತುವಿಗೂ ಅವರ ಕೈಗೆ ಕೊಡಲಿಲ್ಲ.